ತಟ್ಟಿದರೆ ತಿಳಿಯುವುದು, ತಟ್ಟಿದರೂ ತಿಳಿಯದ್ದು

ನವರಾತ್ರಿ ಬಂತೆಂದರೆ ಮಂಗಳೂರಿನ ಮನೆ, ಅಂಗಡಿಗಳ ಬಾಗಿಲಿಗೆ ಮಾರ್ನೆಮಿಯ ವೇಷಗಳು ಬರುತ್ತವೆ. ಹುಲಿ, ಕರಡಿಗಳ ನಡುವೆ ಪೊಲೀಸು, ಡಾಕ್ಟರು, ಬೇಟೆಗಾರ ಮೊದಲಾದ ಮನುಷ್ಯ ವೇಷಗಳೂ ಇರುತ್ತವೆ. ನಾನು ಸಣ್ಣವನಿದ್ದಾಗ ನಮ್ಮ ಜಗಲಿಗೆ ಬಂದ ಒಂದು ಡಾಕ್ಟರ್ ವೇಷ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕೊರಳಲ್ಲಿ ಸೈಕಲ್ ಟ್ಯೂಬಿನ ಸ್ಟೆತಾಸ್ಕೋಪು, ಕೈಯಲ್ಲಿ ಮೊಳದುದ್ದದ ಬಿದಿರಿನ ಸೂಜಿ. ಅಜ್ಜಿಯ ನಾಡಿ ಹಿಡಿದು "ಏನೂ ಹೆದರಬೇಡಿ ಅಮ್ಮಾ, ನಾನಿದ್ದೇನೆ" ಎಂದು ಮೆತ್ತಗೆ ಹೇಳಿದ. ಮರುಗಳಿಗೆಯಲ್ಲಿ ಅದೇ ಕೈ ಚಾಚಿ "ಫೀಸು ಎಲ್ಲಿ?" ಎಂದು ಅಬ್ಬರಿಸಿದ. ಜಗಲಿಯಲ್ಲಿದ್ದವರೆಲ್ಲ ನಕ್ಕರು. ಯಾರಿಗೂ ಯಾವುದನ್ನೂ ವಿವರಿಸಬೇಕಾಗಿರಲಿಲ್ಲ.

ಈ ವರ್ಷ ಅಕ್ಕನ ಮಗಳು ದ್ವಿತೀಯ ಪಿಯುಸಿ ಮುಗಿಸಿದಳು. ಮುಂದೇನು ಎಂಬ ಗೊಂದಲದಲ್ಲಿ ಅಕ್ಕ ಅವಳನ್ನು ಒಂದು ವೃತ್ತಿ ಮಾರ್ಗದರ್ಶನ ಶಿಬಿರಕ್ಕೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಹನ್ನೆರಡು ಬಣ್ಣದ ಚಿತ್ರಗಳು: ವೈದ್ಯ, ಯೋಧ, ವರ್ತಕ, ಗುರು, ವಿದೂಷಕ ಹೀಗೆ. ಪ್ರತಿಯೊಂದಕ್ಕೂ ಬೆಳಕಿನ ಮುಖ ಒಂದು, ನೆರಳಿನ ಮುಖ ಒಂದು. ಪ್ರಶ್ನೆಗಳಿಗೆ ಗುರುತು ಹಾಕುತ್ತ ಹೋದರೆ ನಿಮ್ಮೊಳಗೆ ಹುಟ್ಟಿನಿಂದಲೇ ಕೂತಿರುವ 'ಆದಿರೂಪ' ಯಾವುದೆಂದು ಹೊರಬೀಳುತ್ತದಂತೆ. ಅವಳಿಗೆ ಬಂದದ್ದು ವೈದ್ಯ. "ನೀವು ಪರರ ನೋವಿಗೆ ಮಿಡಿಯುವವರು, ಆದರೆ ಕೆಲವೊಮ್ಮೆ ನಿಮ್ಮ ನಿರ್ಧಾರದ ಬಗ್ಗೆ ನಿಮಗೇ ಅನುಮಾನ ಬರುತ್ತದೆ" ಎಂದು ಕಾಗದದಲ್ಲಿತ್ತು. "ಎಷ್ಟು ಕರೆಕ್ಟಾಗಿ ಹೇಳಿದ್ದಾರೆ ನೋಡಿ ಮಾವಾ" ಎಂದಳು.

ಅಂಥ ಮಾತು ಯಾರಿಗೆ ಹೇಳಿದರೂ ಕರೆಕ್ಟೇ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ವಾರದ ಬಳಿಕ ಒಬ್ಬೊಬ್ಬರ ಕೈಗೂ ಅವರವರ ಫಲಿತಾಂಶವೆಂದು ಒಂದು ಹಾಳೆ ಹಂಚಿದ. ಅದು ಎಷ್ಟು ಸರಿಯಾಗಿದೆ ಎಂದು ಐದರಲ್ಲಿ ಅಂಕ ಕೊಡಲು ಹೇಳಿದಾಗ ಸರಾಸರಿ 4.26 ಬಂತು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ. ಹೆಚ್ಚಿನದನ್ನು ಅವನು ಎತ್ತಿಕೊಂಡದ್ದು ಪೇಟೆಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದಿಂದ. ಇಂಥ ಹಾಳೆಯೊಂದನ್ನು ನಂಬಿ ಹದಿನೇಳರ ಹುಡುಗಿಯ ಮುಂದಿನ ದಾರಿ ಗೊತ್ತುಮಾಡುವುದು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ. ಜಾತಕ ನೋಡಿ ಹುಡುಗನಿಗೆ ವಕೀಲಿಕೆ ಆಗಿಬರುವುದಿಲ್ಲ ಎನ್ನುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಕಾಗದದ ನುಣುಪು ಮಾತ್ರ.

ಹಾಗೆಂದು ಚಿತ್ರಗಳನ್ನೇ ಸುಳ್ಳೆನ್ನಲಾರೆ. ಆದಿರೂಪದ ಮಾತನ್ನು ಮನಶ್ಶಾಸ್ತ್ರದಲ್ಲಿ ಬೆಳೆಸಿದವರು ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್ (1875–1961). ದೇಶದೇಶಗಳ ಕತೆಗಳಲ್ಲಿ ಅವೇ ಮುಖಗಳು ಮತ್ತೆ ಮತ್ತೆ ಬರುವುದನ್ನು, ಪ್ರತಿ ಮುಖದ ಬೆನ್ನಿಗೂ ಒಂದು ನೆರಳಿರುವುದನ್ನು ಅವರು ಕಂಡರು. ಇವು ಮನುಕುಲಕ್ಕೆ ಪಿತ್ರಾರ್ಜಿತವಾಗಿ ಬಂದ ಸುಪ್ತ ಮನಸ್ಸಿನಲ್ಲಿವೆ ಎಂದರು. ಕಂಡದ್ದು ಸರಿ, ಕೊಟ್ಟ ಕಾರಣವನ್ನು ನಾನು ಒಪ್ಪಲಾರೆ, ವೃತ್ತಿಗಳ ವಿಷಯದಲ್ಲಂತೂ ಖಂಡಿತ ಒಪ್ಪಲಾರೆ. ವೈದ್ಯನಿಗೆ, ಅಕ್ಕಸಾಲಿಗೆ, ವರ್ತಕನಿಗೆ ಎಲ್ಲೆಡೆ ಒಂದೇ ಬಗೆಯ ನೆರಳಿರುವುದು ಮನುಷ್ಯನ ಒಳಗೆ ಏನೋ ಇರುವುದರಿಂದಲ್ಲ. ಕೊಡುವವನಿಗೆ ಗೊತ್ತಿರುವುದಕ್ಕೂ ಕೊಳ್ಳುವವನಿಗೆ ಗೊತ್ತಿರುವುದಕ್ಕೂ ನಡುವಿನ ಅಂತರ ಎಲ್ಲೆಡೆ ಒಂದೇ ಆಗಿರುವುದರಿಂದ.

ನಮ್ಮ ಗಾದೆಗಳನ್ನೇ ತೆಗೆದುಕೊಳ್ಳಿ. ಕುಂಬಾರನ ಬಗ್ಗೆ ಇರುವುದು "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ". ಕನಿಕರವೇ ಹೊರತು ಕಳ್ಳತನದ ಸುಳಿವಿಲ್ಲ. ಅಕ್ಕಸಾಲಿಯ ಬಗ್ಗೆ ಇರುವುದೋ, ಅಕ್ಕನ ಚಿನ್ನದಲ್ಲೂ ಗುಂಜಿ ತೂಕ ಕದಿಯದೆ ಬಿಡ ಎಂಬುದು. ವೈದ್ಯನಿಗೆ ಎರಡು ಮಾತು: ಒಂದರಲ್ಲಿ ಅವನು ಸಾಕ್ಷಾತ್ ನಾರಾಯಣ, ಇನ್ನೊಂದರಲ್ಲಿ ಯಮರಾಜನ ಸಹೋದರ. ಯಮ ಪ್ರಾಣ ಮಾತ್ರ ಒಯ್ಯುತ್ತಾನೆ, ವೈದ್ಯ ಪ್ರಾಣದ ಜೊತೆ ಹಣವನ್ನೂ ಒಯ್ಯುತ್ತಾನೆ ಎನ್ನುತ್ತದೆ ಆ ಸುಭಾಷಿತ. ಕುಂಬಾರರೆಲ್ಲ ಪ್ರಾಮಾಣಿಕರಾಗಿ, ಅಕ್ಕಸಾಲಿಗಳೆಲ್ಲ ಕೈಚಳಕದವರಾಗಿ ಹುಟ್ಟುತ್ತಾರೆಯೇ? ನನ್ನ ಅಮ್ಮ ಅಳಗೆ ಕೊಳ್ಳುವಾಗ ಎಡಗೈಯಲ್ಲಿ ಅದನ್ನು ಎತ್ತಿ ಹಿಡಿದು ಬಲಗೈ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದರು. ಚೆನ್ನಾಗಿ ಬೆಂದ ಮಣ್ಣಿನಲ್ಲಿ ಕಂಪನ ಸುತ್ತ ಹರಿದು 'ಣಂ' ಎನ್ನುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೂ ಅದರ ಎರಡು ಅಂಚುಗಳು ಒಂದಕ್ಕೊಂದು ಉಜ್ಜಿ ಕಂಪನದ ಶಕ್ತಿಯನ್ನು ನುಂಗುತ್ತವೆ, 'ದಬ್' ಎಂದು ಸದ್ದು ಸಾಯುತ್ತದೆ. ಮಂಗಳೂರು ಹಂಚನ್ನೂ ಹೀಗೇ ತಟ್ಟಿ ನೋಡುತ್ತಾರೆ. ಅಷ್ಟು ಸಾಕು. ಕುಂಬಾರ ಮೋಸ ಮಾಡಬೇಕೆಂದರೂ ಜಾಗವಿಲ್ಲ.

ಅರ್ಥಶಾಸ್ತ್ರಜ್ಞರು ಇದನ್ನೊಂದು ಸಿದ್ಧಾಂತವಾಗಿ ಕಟ್ಟಿದ್ದಾರೆ. 1970ರಲ್ಲಿ ಫಿಲಿಪ್ ನೆಲ್ಸನ್ ಸರಕನ್ನು ಎರಡು ಬಗೆಯಾಗಿ ಒಡೆದರು. 1973ರಲ್ಲಿ ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ ಮೂರನೆಯದನ್ನು ಸೇರಿಸಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ: ನೋಡಿದರೆ ತಿಳಿಯುವುದು, ತಿಂದರೆ ತಿಳಿಯುವುದು, ತಿಂದರೂ ತಿಳಿಯದ್ದು. ಮಡಕೆ ಮೊದಲನೆಯದು. ಉಡುಪಿ ಹೋಟೆಲಿನ ಮಸಾಲೆ ದೋಸೆ ಎರಡನೆಯದು; ತುತ್ತು ಬಾಯಿಗಿಟ್ಟ ಕೂಡಲೇ ತೀರ್ಪು. ಔಷಧಿ ಮೂರನೆಯದು. ಜ್ವರ ಇಳಿಯಿತು ನಿಜ. ಮಾತ್ರೆಯಿಂದ ಇಳಿಯಿತೋ, ಮೂರು ದಿನ ಮಲಗಿದ್ದಕ್ಕೆ ತಾನಾಗಿ ಇಳಿಯಿತೋ? ಬರೆಸಿದ ಐದು ರಕ್ತಪರೀಕ್ಷೆಗಳಲ್ಲಿ ಎಷ್ಟು ಬೇಕಿತ್ತು? ಗುಣವಾದ ಮೇಲೂ ಗೊತ್ತಾಗುವುದಿಲ್ಲ. ಕತ್ತಲ ಕೋಣೆಯಲ್ಲಿ ನಮ್ಮ ಕೈ ಹಿಡಿದು ನಡೆಸುವವನು ದೇವರ ಹಾಗೆ ಕಾಣುತ್ತಾನೆ. ಅದೇ ಕತ್ತಲಲ್ಲಿ ಅವನ ಇನ್ನೊಂದು ಕೈ ನಮ್ಮ ಜೇಬಿನಲ್ಲಿದೆಯೇ ಎಂಬ ಅಳುಕೂ ಇರುತ್ತದೆ. ದೈವತ್ವ ಮತ್ತು ಅಳುಕು ಎರಡೂ ಹುಟ್ಟುವುದು ಕತ್ತಲೆಯಿಂದ. ದೀಪ ಹಚ್ಚಿದರೆ ಎರಡೂ ಒಟ್ಟಿಗೆ ತೆಳುವಾಗುತ್ತವೆ.

ಈ ವಿವರಣೆ ಸರಿಯಾದರೆ, ಪರೀಕ್ಷಿಸುವ ದಾರಿ ಬದಲಾದಾಗ ವೃತ್ತಿಯ ಮುಖವೂ ಬದಲಾಗಬೇಕು. ಬದಲಾದದ್ದನ್ನು ನಾವು ಕರಾವಳಿಯವರು ಕಣ್ಣಾರೆ ಕಂಡಿದ್ದೇವೆ. ಮಂಗಳೂರಿನಲ್ಲಿ ಬಂಗುಡೆ ಕೊಳ್ಳುವವರು ಮೊದಲು ಕಿವಿರು ಎತ್ತಿ ನೋಡುತ್ತಾರೆ. ಹಿಮೋಗ್ಲೋಬಿನ್ ಹೊಸದಿರುವಾಗ ಕಡುಕೆಂಪು, ಹೊತ್ತಾದಂತೆ ಉತ್ಕರ್ಷಣಗೊಂಡು ಕಂದು. ಬೆರಳಲ್ಲಿ ಒತ್ತಿದರೆ ಮಾಂಸ ಪುಟಿಯಬೇಕು. ಮೂಗಂತೂ ಇದ್ದೇ ಇದೆ: ಬ್ಯಾಕ್ಟೀರಿಯಾಗಳು ಹುಟ್ಟಿಸುವ ಟ್ರೈಮೀಥೈಲಮೈನ್ ಗಾಳಿಯಲ್ಲಿ ಅತ್ಯಲ್ಪ ಇದ್ದರೂ ಮೂಗು ಹಿಡಿಯುತ್ತದೆ. ಹೀಗಾಗಿ ಮೀನು ಮಾರುವ ಹೆಂಗಸು ನಮ್ಮ ಮಾತುಕತೆಗಳಲ್ಲಿ ಗಟ್ಟಿ ಬಾಯಿಯವಳು, ಚೌಕಾಸಿಗೆ ಬಗ್ಗದವಳು, ಮೋಸಗಾತಿ ಅಲ್ಲ. 2018ರಲ್ಲಿ ಕೇರಳದ ಗಡಿ ತಪಾಸಣೆಯಲ್ಲಿ ಕೊಳೆಯದಂತೆ ತಡೆಯುವ ಫಾರ್ಮಲಿನ್ ಎಂಬ ರಾಸಾಯನಿಕ ಬೆರೆತ ಮೀನಿನ ಲೋಡುಗಳು ಸಿಕ್ಕಿದವು. ಫಾರ್ಮಲಿನ್ ಪ್ರೋಟೀನುಗಳನ್ನು ಬಿಗಿದು ಕಟ್ಟುತ್ತದೆ, ಬ್ಯಾಕ್ಟೀರಿಯಾ ಸಾಯುತ್ತವೆ, ಮಾಂಸ ಗಟ್ಟಿಯಾಗಿಯೇ ಉಳಿಯುತ್ತದೆ, ವಾಸನೆಯೂ ಏಳುವುದಿಲ್ಲ. ಕಣ್ಣು, ಬೆರಳು, ಮೂಗು ಮೂರೂ ಒಮ್ಮೆಲೇ ಸೋತವು. ಆ ಮಳೆಗಾಲದಲ್ಲಿ ನಾವು ಯಾವಾಗಲೂ ಮೀನು ತರುವಲ್ಲಿ ಒಬ್ಬರು "ಇದು ಎಲ್ಲಿಯ ಮೀನು? ಸತ್ಯ ಹೇಳಿ" ಎಂದು ಕೇಳಿದ್ದನ್ನು ನಾನು ಮೊದಲ ಬಾರಿ ಕೇಳಿದೆ. ಇಪ್ಪತ್ತು ವರ್ಷದಿಂದ ಅದೇ ಬುಟ್ಟಿ ಇಟ್ಟುಕೊಂಡು ಕೂರುವಾಕೆ "ತೂಲೆ ಅಕ್ಕಾ" (ನೋಡಿ ಅಕ್ಕಾ) ಎನ್ನುತ್ತ ಕೇಳದೆಯೇ ಒಂದೊಂದು ಮೀನಿನ ಕಿವಿರನ್ನೂ ಎತ್ತಿ ತೋರಿಸತೊಡಗಿದರು. ಅವರ ಸ್ವಭಾವ ಬದಲಾಗಿರಲಿಲ್ಲ. ನಮಗೆ ಕಾಣುತ್ತಿದ್ದದ್ದು ಕಾಣದಾಗಿತ್ತು, ಅಷ್ಟೆ.

ಅಕ್ಕಸಾಲಿಯದು ಇದರ ತಲೆಕೆಳಗಾದ ಕತೆ, ಬಹಳ ಹಳೆಯದು ಕೂಡ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಚಿನ್ನ ಬೆಳ್ಳಿಯ ಕೆಲಸ ನಡೆಯುವ ರಾಜಕಾರ್ಖಾನೆಗೆ ಅಕ್ಷಶಾಲಾ ಎಂದು ಹೆಸರು. ನಮ್ಮ 'ಅಕ್ಕಸಾಲೆ' ಅದರಿಂದ ಬಂದದ್ದು. ಗಾದೆಯ 'ಅಕ್ಕ' ಕೇವಲ ಪ್ರಾಸಕ್ಕೆ ಸೇರಿದವಳು. ಕೌಟಿಲ್ಯ ಅಲ್ಲಿ ತಕ್ಕಡಿ ವಂಚನೆಯಿಂದ ತೊಡಗಿ ಚಿನ್ನ ಕದಿಯುವ ಐದು ವಿಧಾನಗಳನ್ನು ಎಣಿಸುತ್ತಾನೆ. ದೂರದ ಗ್ರೀಕ್ ನಗರ ಸಿರಾಕ್ಯೂಸಿನಲ್ಲಿ ರಾಜ ಹೈರೋನಿಗೂ ಇದೇ ಗುಮಾನಿ: ಕಿರೀಟಕ್ಕೆ ಕೊಟ್ಟ ಚಿನ್ನದಲ್ಲಿ ಬೆಳ್ಳಿ ಬೆರೆಸಿದ್ದಾನೆಯೇ? ಆರ್ಕಿಮಿಡೀಸ್ ಸ್ನಾನದ ತೊಟ್ಟಿಯಿಂದ ಎದ್ದು ಓಡಿದ ಕತೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ನೀರಿನ ಮಟ್ಟ ನೋಡುವ ಆ ಉಪಾಯ ಎಷ್ಟು ಕಷ್ಟದ್ದು ಎಂಬುದು. ಚಿನ್ನದ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ, ಬೆಳ್ಳಿಯದು 10.5. ಒಂದು ಕಿಲೋ ಅಪ್ಪಟ ಚಿನ್ನ ಸುಮಾರು 52 ಘನ ಸೆಂಟಿಮೀಟರು ಜಾಗ ಹಿಡಿಯುತ್ತದೆ. ಅದರಲ್ಲಿ 300 ಗ್ರಾಂ ಬೆಳ್ಳಿಯಾದರೆ ಸುಮಾರು 65. ಇಪ್ಪತ್ತು ಸೆಂಟಿಮೀಟರು ಅಗಲದ ಪಾತ್ರೆಯಲ್ಲಿ ನೀರಿನ ಮಟ್ಟದ ವ್ಯತ್ಯಾಸ ಅರ್ಧ ಮಿಲಿಮೀಟರಿಗೂ ಕಡಿಮೆ. ಗೆಲಿಲಿಯೋಗೆ ಈ ಕತೆ ಸಮಾಧಾನ ಕೊಡಲಿಲ್ಲ. 1586ರಲ್ಲಿ, 22ರ ಹರೆಯದಲ್ಲಿ, ಕಿರೀಟವನ್ನು ನೀರಲ್ಲಿ ಮುಳುಗಿಸಿ ತಕ್ಕಡಿಯಲ್ಲೇ ತೂಗುವ ಉತ್ತಮ ವಿಧಾನವನ್ನು ಬರೆದಿಟ್ಟ. ಒಬ್ಬ ಅಕ್ಕಸಾಲಿಯ ಮೇಲಿನ ಸಂದೇಹ ಭೌತಶಾಸ್ತ್ರಕ್ಕೆ ಎಷ್ಟು ಫಸಲು ಕೊಟ್ಟಿತು! ಪಾಟಲೀಪುತ್ರಕ್ಕೂ ಸಿರಾಕ್ಯೂಸಿಗೂ ಮಂಗಳೂರಿನ ರಥಬೀದಿಗೂ ಸಮಾನವಾದದ್ದು ಸುಪ್ತ ಮನಸ್ಸಲ್ಲ, 22 ಕ್ಯಾರೆಟ್ಟು ಯಾವುದು, 18 ಕ್ಯಾರೆಟ್ಟು ಯಾವುದು ಎಂದು ಬರಿಗಣ್ಣಿಂದ ಖಚಿತವಾಗಿ ಹೇಳಲಾಗದು ಎಂಬ ಸತ್ಯ. 2021ರ ಜೂನ್‌ನಿಂದ ದೇಶದ 256 ಜಿಲ್ಲೆಗಳಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. ಈಗ 916 ಎಂಬ ಗುರುತೂ ಆರು ಅಕ್ಷರ-ಅಂಕಿಗಳ ಸಂಕೇತವೂ ಬಳೆಯ ಒಳಮೈಯಲ್ಲಿ ಕೂತಿವೆ. ಅಕ್ಕನ ಮಗಳಿಗೆ ಆ ಗಾದೆ ಹೇಳಿದೆ. ಅವಳಿಗೆ ಅದು ಅರ್ಥವೇ ಆಗಲಿಲ್ಲ.

ಆದರೆ ಗಾದೆ ಒಂದು ಘೋರ ತಪ್ಪನ್ನೂ ಮಾಡುತ್ತದೆ. ಕೆಲಸದಲ್ಲಿರುವ ಕತ್ತಲನ್ನು ಕೆಲಸಗಾರನ ಮೈಗೆ, ಅವನ ಕುಲಕ್ಕೆ ಅಂಟಿಸುತ್ತದೆ. ನಮ್ಮ ದೇಶದಲ್ಲಿ ವೃತ್ತಿಯೂ ಜಾತಿಯೂ ಹೆಣೆದುಕೊಂಡಿರುವುದರಿಂದ ಈ ಅಂಟು ತಲೆಮಾರುಗಳವರೆಗೆ ಬಿಡುವುದಿಲ್ಲ. ಮಾರ್ನೆಮಿಯ ವೇಷಗಳಲ್ಲಿ ಕೊರಗರ ವೇಷವೂ ಒಂದಾಗಿತ್ತು. ಬುಟ್ಟಿ ಹೆಣೆಯುವ ಒಂದು ಜನಾಂಗವನ್ನು ಮೈಗೆ ಮಸಿ ಬಳಿದುಕೊಂಡು ಅಣಕಿಸುವುದನ್ನು ಜನ ತಮಾಷೆ ಎಂದುಕೊಂಡಿದ್ದರು. ಆ ಸಮುದಾಯದವರನ್ನು ಅಮಾನವೀಯವಾಗಿ ನಡೆಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು ಕರ್ನಾಟಕ 2000ದ ಕಾಯ್ದೆಯಿಂದ ನಿಷೇಧಿಸಬೇಕಾಯಿತು. 'ಹುಟ್ಟಿನಿಂದಲೇ ನಿಮ್ಮೊಳಗಿರುವ ವೃತ್ತಿ' ಎಂಬ ಮಾತು ಶಿಬಿರದ ಹಾಳೆಯಲ್ಲಿ ಎಷ್ಟೇ ಮುದ್ದಾಗಿ ಕಂಡರೂ ನನಗೆ ಮೈ ಉರಿಯುವುದು ಇದಕ್ಕೇ.

ನೆರಳು ಹುಟ್ಟಿನದಲ್ಲ, ಕೂತ ಜಾಗದ್ದು ಎಂಬುದಕ್ಕೆ ಒಂದು ಪ್ರಯೋಗವಿದೆ. 2014ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಒಂದು ದೊಡ್ಡ ಬ್ಯಾಂಕಿನ 128 ನೌಕರರಿಗೆ ನಾಣ್ಯವನ್ನು ಹತ್ತು ಸಲ ಚಿಮ್ಮಿ ಫಲಿತಾಂಶವನ್ನು ತಾವೇ ಬರೆಯಲು ಹೇಳಿದರು; ಗೆದ್ದ ಪ್ರತಿ ಸಲಕ್ಕೆ ಹಣ. ನೋಡುವವರು ಯಾರೂ ಇಲ್ಲ. ಚಿಮ್ಮುವ ಮೊದಲು ಮನೆ, ಬಿಡುವಿನ ಬಗ್ಗೆ ಪ್ರಶ್ನೆ ಕೇಳಿಸಿಕೊಂಡ ಗುಂಪಿನವರು ಗೆದ್ದೆವೆಂದು ಬರೆದದ್ದು 51.6 ಶೇಕಡಾ. ಬ್ಯಾಂಕಿನ ಕೆಲಸದ ಬಗ್ಗೆ ಪ್ರಶ್ನೆ ಕೇಳಿಸಿಕೊಂಡ ಗುಂಪಿನವರು 58.2. ನಾಲ್ಕಾರು ಪ್ರಶ್ನೆಗಳೇ ವೇಷ ತೊಡಿಸಿದ್ದವು. 2019ರಲ್ಲಿ ಬೇರೆ ದೇಶಗಳ ಬ್ಯಾಂಕುಗಳಲ್ಲಿ ಇದನ್ನೇ ಮಾಡಿದಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ಅದೂ ನನ್ನ ಮಾತನ್ನೇ ಹೇಳುತ್ತದೆ: ಬ್ಯಾಂಕಿನವನ ನೆರಳು ರಕ್ತದಲ್ಲಿದ್ದರೆ ಊರಿನಿಂದೂರಿಗೆ ಹೀಗೆ ಬೇರೆಯಾಗುತ್ತಿರಲಿಲ್ಲ. ಬ್ಯಾಂಕುಗಳ ತವರಾದ ನಮ್ಮ ಜಿಲ್ಲೆಗಳಲ್ಲಿ ಒಂದು ಹಳೆಯ ಉಪಾಯವಿತ್ತು. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಟಿ.ಎಂ.ಎ. ಪೈ ಸ್ವತಃ ಡಾಕ್ಟರರು (ಹನ್ನೆರಡು ಚಿತ್ರಗಳಲ್ಲಿ ಅವರನ್ನು ಯಾವುದಕ್ಕೆ ಸೇರಿಸುವುದು?). 1928ರಲ್ಲಿ ಆ ಬ್ಯಾಂಕು ಪಿಗ್ಮಿ ತಂದಿತು. ಏಜೆಂಟ್ ದಿನವೂ ಮನೆ ಬಾಗಿಲಿಗೆ ಬಂದು ಎರಡಾಣೆ ತೆಗೆದುಕೊಂಡು ಪುಸ್ತಕದಲ್ಲಿ ಬರೆದು ಹೋಗುತ್ತಿದ್ದ. ನಾಳೆ ಮತ್ತೆ ಇದೇ ಮೆಟ್ಟಿಲು ಹತ್ತಬೇಕಾದವನು ಇಂದು ಮೋಸ ಮಾಡುವುದು ಕಷ್ಟ.

ವೈದ್ಯರಿಗೆ ಹಾಲ್‌ಮಾರ್ಕೂ ಇಲ್ಲ, ಪಿಗ್ಮಿ ಪುಸ್ತಕವೂ ಇಲ್ಲ. ಜ್ಯೂರಿಕ್‌ನಲ್ಲಿ ಚಿಕಿತ್ಸೆ ಬೇಕಿಲ್ಲದ ಒಬ್ಬ ರೋಗಿಯನ್ನು 180 ದಂತವೈದ್ಯರ ಬಳಿಗೆ ಕಳಿಸಿ ನೋಡಿದಾಗ 28 ಶೇಕಡಾ ಮಂದಿ ಅನಗತ್ಯ ಚಿಕಿತ್ಸೆ ಸೂಚಿಸಿದರು. ಉಳಿದ 72 ಶೇಕಡಾ ಮಂದಿ, ಯಾರೂ ಹಿಡಿಯಲಾಗದ ಕತ್ತಲಲ್ಲೂ, ಸೂಚಿಸಲಿಲ್ಲ ಎಂಬುದನ್ನು ನಾನು ಅಷ್ಟೇ ಗಟ್ಟಿಯಾಗಿ ಹೇಳಬಯಸುತ್ತೇನೆ.

ವೈದ್ಯರೂ ತಟ್ಟುತ್ತಾರೆ ಎಂಬುದು ನೆನಪಿರಲಿ. 1761ರಲ್ಲಿ ವಿಯೆನ್ನಾದ ಲಿಯೋಪೋಲ್ಡ್ ಔಎನ್‌ಬ್ರುಗರ್ ಎದೆಯನ್ನು ತಟ್ಟಿ ರೋಗ ಪತ್ತೆಮಾಡುವ ವಿಧಾನವನ್ನು ಪ್ರಕಟಿಸಿದ. ಅವನ ಅಪ್ಪ ತಂಗುಮನೆ ನಡೆಸುತ್ತಿದ್ದವ. ಪೀಪಾಯಿ ತಟ್ಟಿ ಒಳಗೆ ಎಲ್ಲಿಯವರೆಗೆ ದ್ರಾಕ್ಷಾರಸವಿದೆ ಎಂದು ನೋಡುವುದನ್ನು ಮಗ ಅಲ್ಲೇ ಕಲಿತ ಎನ್ನುವುದುಂಟು. ಗಾಳಿ ತುಂಬಿದ ಶ್ವಾಸಕೋಶ ಮೊಳಗುತ್ತದೆ, ನೀರು ತುಂಬಿದ ಜಾಗ ಮಂಕಾಗುತ್ತದೆ. ಆ ಸದ್ದು ರೋಗಿಯ ಕಿವಿಗೂ ಬೀಳುತ್ತದೆ, ಅರ್ಥ ಮಾತ್ರ ವೈದ್ಯರಿಗೆ.

ಕೆಲವು ವರ್ಷಗಳ ಹಿಂದೆ ಅಮ್ಮನ ಎದೆಯ ಪೊರೆಯಲ್ಲಿ ನೀರು ತುಂಬಿತ್ತು. ಉಡುಪಿಯ ವೈದ್ಯರೊಬ್ಬರು ಬೆನ್ನನ್ನು ಮೇಲಿನಿಂದ ಕೆಳಗೆ ತಟ್ಟುತ್ತ ಬಂದು, ಸೂಜಿ ಹಾಕಿ ತೆಗೆಯಬೇಕಾಗುತ್ತದೆ ಎಂದರು. ಅಮ್ಮನ ಮುಖದಲ್ಲಿ ಅಪನಂಬಿಕೆ. ವೈದ್ಯರು ಸ್ಕ್ಯಾನಿನ ಕಾಗದ ಹುಡುಕಲಿಲ್ಲ. "ಅಮ್ಮಾ, ಸ್ವಲ್ಪ ಕೇಳಿ" ಎಂದು ಮತ್ತೆ ತಟ್ಟಿದರು, ಈ ಸಲ ನಿಧಾನವಾಗಿ: ಭುಜದ ಹತ್ತಿರ ಒಮ್ಮೆ, ಕೆಳಗಿನ ಪಕ್ಕೆಲುಬುಗಳ ಮೇಲೆ ಒಮ್ಮೆ, ಮತ್ತೆ ಭುಜದ ಹತ್ತಿರ. ಅಮ್ಮ ತಲೆ ಓರೆ ಮಾಡಿ, ಅಳಗೆ ಕೊಳ್ಳುವಾಗಿನ ಹಾಗೆ, ಕಿವಿಗೊಟ್ಟರು.

"ಕೆಳಗಿನದ್ದು ಸದ್ದು ಬರುವುದಿಲ್ಲ" ಎಂದರು. "ತೆಗೆಯಿರಿ."