ಹೇಳಿದ ಬೆಲೆಗಿಂತ ಎಷ್ಟು ಕಮ್ಮಿ ಕೇಳಬಹುದು?

ಪ್ರಶ್ನೆ: ಆರು ತಿಂಗಳಿಂದ ಮನೆ ಹುಡುಕುತ್ತಿದ್ದೇವೆ. ಕೊನೆಗೂ ಒಂದು ಮನೆ ನಮ್ಮಿಬ್ಬರಿಗೂ ಹಿಡಿಸಿದೆ. ಬೆಲೆ ಮಾತ್ರ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ನೂರಕ್ಕೆ ಹತ್ತು ಕಮ್ಮಿ ಕೇಳಿ, ಅದೇ ಲೆಕ್ಕ ಅಂತ ಗೆಳೆಯರೊಬ್ಬರು ಹೇಳಿದರು. ಅಷ್ಟು ಕಮ್ಮಿ ಕೇಳಿದರೆ ಅವರು ಬೇಜಾರು ಮಾಡಿಕೊಂಡು ಬೇರೆಯವರಿಗೆ ಕೊಟ್ಟುಬಿಟ್ಟರೆ? ನಿಜವಾಗಿ ಎಷ್ಟು ಕಮ್ಮಿ ಕೇಳಬೇಕು?

ಉತ್ತರ: ನಿಮ್ಮ ಗೆಳೆಯರ ಲೆಕ್ಕದಲ್ಲಿ ಒಂದು ತೊಂದರೆ ಇದೆ. ಹತ್ತು ಕಳೆಯುವುದು ಯಾವುದರಿಂದ? ಮಾರುವವರು ಹೇಳಿದ ಸಂಖ್ಯೆಯಿಂದ. ಅಂದರೆ ಚೌಕಾಸಿ ಶುರುವಾಗುವ ಮೊದಲೇ ಅವರ ಅಳತೆಗೋಲು ನಿಮ್ಮ ಕೈ ಸೇರಿತು. ಅವರು 100 ಅಂದರೆ ನೀವು 90 ಅನ್ನುತ್ತೀರಿ. 120 ಅಂದಿದ್ದರೆ 108 ಅನ್ನುತ್ತಿದ್ದಿರಿ. ಮನೆ ಅದೇ, ಗೋಡೆ ಅದೇ. ನೀವು ಕೇಳುವ ಬೆಲೆ ಮಾತ್ರ ಅವರ ಬಾಯಿಂದ ಬಂದ ಮಾತಿನ ಮೇಲೆ ನಿಂತಿದೆ.

ಇದು ನಿಮ್ಮೊಬ್ಬರ ಕತೆ ಅಲ್ಲ. ಆಮೊಸ್ ಟ್ವೆರ್ಸ್ಕಿ, ಡೇನಿಯಲ್ ಕಾಹ್ನೆಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1974ರಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದರು. ಜನರ ಮುಂದೆ ಒಂದು ಚಕ್ರ ತಿರುಗಿಸಿದರು. ಅದು 10ಕ್ಕೋ 65ಕ್ಕೋ ನಿಲ್ಲುವಂತೆ ಮೊದಲೇ ಸರಿಮಾಡಿಟ್ಟಿದ್ದರು. ಆಮೇಲೆ ವಿಶ್ವಸಂಸ್ಥೆಯ ಸದಸ್ಯ ದೇಶಗಳಲ್ಲಿ ನೂರಕ್ಕೆ ಎಷ್ಟು ಆಫ್ರಿಕಾದವು ಅಂತ ಕೇಳಿದರು. 10 ನೋಡಿದವರ ಗುಂಪಿನ ಅಂದಾಜು 25ರ ಹತ್ತಿರ, 65 ನೋಡಿದವರದ್ದು 45ರ ಹತ್ತಿರ. ಚಕ್ರಕ್ಕೂ ಆಫ್ರಿಕಾಕ್ಕೂ ಏನು ಸಂಬಂಧ? ಏನೂ ಇಲ್ಲ. ಆದರೂ ಮೊದಲು ಕಿವಿಗೆ ಬಿದ್ದ ಸಂಖ್ಯೆ ತಲೆಯಲ್ಲಿ ಗೂಟ ಹೊಡೆದುಕೊಂಡು ಕೂರುತ್ತದೆ.

ಮನೆ ವಿಷಯದಲ್ಲೂ ಇದನ್ನು ಪರೀಕ್ಷಿಸಿದ್ದಾರೆ. 1987ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಮೆರಿಕದ ಅರಿಜೋನಾದಲ್ಲಿ, ನಾರ್ತ್‌ಕ್ರಾಫ್ಟ್ ಮತ್ತು ನೀಲ್ ಎಂಬ ಸಂಶೋಧಕರು ವಿದ್ಯಾರ್ಥಿಗಳಿಗೂ ಮನೆ ಏಜೆಂಟರಿಗೂ ಒಂದೇ ಮನೆ ತೋರಿಸಿದರು. ವಿವರಗಳೆಲ್ಲ ಒಂದೇ, ಮಾಲೀಕರು ಕೇಳುತ್ತಿರುವ ಬೆಲೆ ಮಾತ್ರ ಬೇರೆ ಬೇರೆ. ಹೆಚ್ಚು ಬೆಲೆ ನೋಡಿದವರು ಮನೆಗೆ ಹೆಚ್ಚು ಬೆಲೆ ಕಟ್ಟಿದರು. ಏಜೆಂಟರೂ ಅಷ್ಟೇ. ತಮಾಷೆ ಏನೆಂದರೆ, ಕೇಳಿದ ಬೆಲೆಯನ್ನು ನೋಡಿ ಲೆಕ್ಕ ಹಾಕಿದೆವು ಅಂತ ಒಪ್ಪಿಕೊಂಡ ಏಜೆಂಟರು ಕೆಲವರು ಮಾತ್ರ. ದಿನಾ ಇದೇ ಕೆಲಸ ಮಾಡುವವರ ಗತಿಯೇ ಹೀಗಾದರೆ, ನಮ್ಮ ನಿಮ್ಮದು ಕೇಳಬೇಕಾ?

ಹಾಗಾಗಿ ಮೊದಲು ಆ ಸಂಖ್ಯೆಯನ್ನು ಬದಿಗಿಟ್ಟು, ನಿಮ್ಮದೇ ಒಂದು ಸಂಖ್ಯೆ ಮಾಡಿಕೊಳ್ಳಿ. ಅದಕ್ಕೆ ಬೇಕಾದ್ದು ಅದೇ ಜಾಗದಲ್ಲಿ, ಇತ್ತೀಚೆಗೆ, ನಿಜವಾಗಿ ಮಾರಾಟವಾದ ಮೂರು ನಾಲ್ಕು ಮನೆಗಳ ಬೆಲೆ. ಗಮನಿಸಿ, ಮಾರಾಟಕ್ಕೆ ಇಟ್ಟಿರುವ ಬೆಲೆ ಅಲ್ಲ. ಕೇಳುವುದಕ್ಕೆ ಯಾರು ಎಷ್ಟು ಬೇಕಾದರೂ ಕೇಳಬಹುದು. ಕೈ ಬದಲಾದ ದುಡ್ಡೇ ಲೆಕ್ಕ.

ಒಂದು ಉದಾಹರಣೆ ಹಿಡಿದು ನೋಡೋಣ. ಅವರು ಕೇಳುತ್ತಿರುವ ಬೆಲೆ 100 ಅಂತಿಟ್ಟುಕೊಳ್ಳಿ. ಅಂಥದೇ ಮೂರು ಮನೆಗಳು 91, 94, 97ಕ್ಕೆ ಹೋಗಿವೆ. 97ರ ಮನೆಯಲ್ಲಿ ಅಡುಗೆಮನೆ, ಬಚ್ಚಲು ಎರಡೂ ಹೊಸದು. 91ರದ್ದು ಗದ್ದಲದ ರಸ್ತೆ ಪಕ್ಕದಲ್ಲಿದೆ. ಹಾಗಾದರೆ ನೀವು ನೋಡಿದ ಮನೆ ಸುಸ್ಥಿತಿಯಲ್ಲಿದ್ದರೆ ಹೆಚ್ಚುಕಮ್ಮಿ 94. ಆದರೆ ಅದರ ಚಾವಣಿ ಸೋರುತ್ತಿದೆ, ವೈರಿಂಗ್ ಹಳೆಯದು. ಗಾರೆಯವರನ್ನೂ ಎಲೆಕ್ಟ್ರಿಷಿಯನ್ನರನ್ನೂ ಕರೆದು ತೋರಿಸಿದಿರಿ, 4 ಖರ್ಚಾಗುತ್ತದೆ ಅಂದರು. ಈಗಿನ ಸ್ಥಿತಿಯಲ್ಲಿ ಮನೆ 90. ನಿಮಗೆ ತುಂಬಾ ಇಷ್ಟವಾಗಿರುವುದರಿಂದ ಇನ್ನೂ 1 ಸೇರಿಸಿ. 91 ನಿಮ್ಮ ಗಡಿ. ಅದರಾಚೆ ಇಲ್ಲ. ಇದನ್ನು ಕಾಗದದ ಮೇಲೆ ಬರೆದಿಡಿ, ಮನೆಯವರಿಬ್ಬರೂ ಒಪ್ಪಿ. ಬಾಯಲ್ಲಿ ಹೇಳಿಕೊಂಡ ಗಡಿ ಮಾತಿನ ಬಿಸಿಯಲ್ಲಿ ಕರಗಿಹೋಗುತ್ತದೆ.

ಇನ್ನು ಮೊದಲ ಮಾತು ಎಷ್ಟು? ಕಮ್ಮಿಗೆ ಹೋದ ಮನೆ 91. ಅದರಿಂದ ರಿಪೇರಿಯ 4 ಕಳೆದರೆ 87. ನಾನಾದರೆ ಅಲ್ಲಿಂದ ಶುರು ಮಾಡುತ್ತೇನೆ. ಈ 87 ಗಾಳಿಯಲ್ಲಿ ಹಿಡಿದದ್ದಲ್ಲ, ಅದಕ್ಕೊಂದು ಕಾರಣ ಇದೆ, ಆ ಕಾರಣವನ್ನು ಅವರ ಮುಂದೆ ಇಡಬಹುದು. "ಅದು ರಸ್ತೆ ಬದಿ ಮನೆ, ನಮ್ಮದು ಹಾಗಲ್ಲ" ಅಂತ ಅವರು ಹೇಳಬಹುದು. ಹೇಳಲಿ. ಆಗ ಮಾತು ಮನೆಗಳ ಬಗ್ಗೆ ನಡೆಯುತ್ತದೆ, ನಿಮ್ಮ ಜೇಬಿನ ಬಗ್ಗೆ ಅಲ್ಲ. ಅದೇ ಗೆಳೆಯರ ಮಾತು ಕೇಳಿ ನೂರಕ್ಕೆ ಹತ್ತು ಕಳೆದಿದ್ದರೆ? 90ರಿಂದ ಶುರು. ಮುಗಿಸಬೇಕಾದ ಜಾಗದಲ್ಲಿ ನಿಂತು ಶುರು ಮಾಡಿದ ಹಾಗೆ. ಇದರ ತಿರುಗಾಮುರುಗಾ ಕೂಡ ಇದೆ. ಪಕ್ಕದ ಮನೆಗಳು 101, 103ಕ್ಕೆ ಹೋಗಿದ್ದು, ಅವರು 100 ಕೇಳುತ್ತಿದ್ದರೆ, 90 ಅನ್ನುವವರ ಜೊತೆ ಯಾರೂ ಎರಡನೇ ಮಾತು ಆಡುವುದಿಲ್ಲ. ಅಂಥ ಕಡೆ ಕೇಳಿದಷ್ಟಕ್ಕೆ ಒಪ್ಪಿಕೊಳ್ಳುವುದೂ ಒಳ್ಳೆಯ ವ್ಯಾಪಾರವೇ.

ಈಗ ನಿಮ್ಮ ಭಯದ ವಿಷಯ. ಅವರು ಬೇಜಾರು ಮಾಡಿಕೊಂಡರೆ?

ಬೇಜಾರಾಗಬಹುದು. ಹೆತ್ತವರಿಗೆ ಹೆಗ್ಗಣ ಮುದ್ದು ಅಲ್ವಾ? ಇದಕ್ಕೂ ಪ್ರಯೋಗ ಆಗಿದೆ. 1990ರಲ್ಲಿ ಪ್ರಕಟವಾದದ್ದು. ಅರ್ಧ ಜನಕ್ಕೆ ಒಂದೊಂದು ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಅಂತ ಕೇಳಿದರು. ಮಗ್ ಸಿಗದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಅಂತ ಕೇಳಿದರು. ಮಾರುವವರು ಕೇಳಿದ್ದು ಕೊಳ್ಳುವವರು ಹೇಳಿದ್ದರ ಎರಡು ಪಟ್ಟಿಗೂ ಜಾಸ್ತಿ. ಕೈಗೆ ಬಂದು ಸ್ವಲ್ಪ ಹೊತ್ತಾದ ಮಗ್ಗಿನ ಮೇಲೇ ಇಷ್ಟು ಮೋಹ. ಮಕ್ಕಳು ನಡೆಯಲು ಕಲಿತ ಮನೆಯ ಮೇಲೆ ಎಷ್ಟಿರಬೇಕು! ಅದಕ್ಕೇ ಮನೆಯನ್ನು ದೂರಬೇಡಿ. "ಈ ಅಡುಗೆಮನೆ ಏನ್ರೀ ಇಷ್ಟು ಇಕ್ಕಟ್ಟು" ಅನ್ನುವುದು ಬೇಡ. "ಮನೆ ನಮಗೆ ಹಿಡಿಸಿದೆ. ಚಾವಣಿ ಕೆಲಸಕ್ಕೆ ಇಷ್ಟಾಗುತ್ತದೆ ಅಂತ ಬರೆದುಕೊಟ್ಟಿದ್ದಾರೆ, ನೋಡಿ" ಅನ್ನಿ. ಮನೆಗೆ ಬೈಯುವುದಕ್ಕೂ ಖರ್ಚು ತೋರಿಸುವುದಕ್ಕೂ ತುಂಬಾ ಅಂತರ ಇದೆ.

ಅವರು ಆ ಮನೆಯನ್ನು ಯಾವಾಗ, ಎಷ್ಟಕ್ಕೆ ಕೊಂಡಿದ್ದರು ಅನ್ನುವುದನ್ನೂ ಸಾಧ್ಯವಾದರೆ ತಿಳಿದುಕೊಳ್ಳಿ. ಬಾಸ್ಟನ್ನಿನ ಅಪಾರ್ಟ್‌ಮೆಂಟ್ ಮಾರಾಟಗಳನ್ನು ನೋಡಿದ ಜೆನೆಸೋವ್ ಮತ್ತು ಮೇಯರ್ 2001ರಲ್ಲಿ ಬರೆದ ಪ್ರಕಾರ, ಕೊಂಡದ್ದಕ್ಕಿಂತ ಕಮ್ಮಿಗೆ ಮಾರಬೇಕಾಗಿ ಬಂದವರು ಬೆಲೆ ಏರಿಸಿ ಕೇಳುತ್ತಾರೆ, ಮಾರಾಟವಾಗಲು ಹೆಚ್ಚು ದಿನ ಕಾಯುತ್ತಾರೆ. ಅಂಥವರ ಜೊತೆ ಮೊದಲ ವಾರದಲ್ಲಿ ಜಗ್ಗಾಡಿ ಪ್ರಯೋಜನವಿಲ್ಲ. ನಿಮ್ಮ ಬೆಲೆ ಹೇಳಿ, ಫೋನ್ ನಂಬರ್ ಕೊಟ್ಟು ಬನ್ನಿ. ಎರಡು ತಿಂಗಳ ನಂತರ ಅವರೇ ಕರೆಯಬಹುದು.

ಬ್ರೋಕರ್ ವಿಷಯಕ್ಕೆ ಬರೋಣ. ಇದನ್ನು ಬರೆಯಲು ನನಗೆ ಸ್ವಲ್ಪ ನಾಚಿಕೆ. ನಾನು ಮನೆ ಕೊಳ್ಳುವಾಗ ಬ್ರೋಕರ್ ತುಂಬಾ ಒಳ್ಳೆಯವರಂತೆ, "ಕೊನೆಗೆ ಎಷ್ಟರವರೆಗೆ ಹೋಗ್ತೀರಾ ಹೇಳಿ ಸಾರ್, ನಾನು ಮಾತಾಡ್ತೀನಿ" ಅಂದರು. ನಾನು ಪೆದ್ದನ ಥರ ಹೇಳಿಬಿಟ್ಟೆ. ಮನೆ ಮುಗಿದದ್ದು ಸರಿಯಾಗಿ ಆ ಬೆಲೆಗೇ. ಅವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಅವರ ಕೆಲಸವೇ ವ್ಯಾಪಾರ ಮುಗಿಸುವುದು, ನಾನೇ ದಾರಿ ತೋರಿಸಿದೆ ಅಷ್ಟೇ. ಬ್ರೋಕರಿಗೆ ಸಿಗುವ ಕಮಿಷನ್ನಿನಲ್ಲಿ ನಿಮ್ಮ ನೂರಕ್ಕೆ ಮೂರರ ವ್ಯತ್ಯಾಸ ದೊಡ್ಡದಲ್ಲ. ಬೇಗ ಮುಗಿಯುವುದು ದೊಡ್ಡದು. ಮಾರುವವರ ಕಡೆಗೂ ಇದೇ ಕತೆ. ಶಿಕಾಗೋ ಸುತ್ತಲಿನ ಸುಮಾರು ಒಂದು ಲಕ್ಷ ಮಾರಾಟಗಳನ್ನು ಲೆವಿಟ್ ಮತ್ತು ಸಿವರ್ಸನ್ ಎಂಬ ಅರ್ಥಶಾಸ್ತ್ರಜ್ಞರು ಜಾಲಾಡಿ 2008ರಲ್ಲಿ ಪ್ರಕಟಿಸಿದರು. ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಗಿರಾಕಿಗಳ ಮನೆಗಿಂತ ಸುಮಾರು 9.5 ದಿನ ಹೆಚ್ಚು ಕಾದು, ನೂರಕ್ಕೆ 3.7ರಷ್ಟು ಹೆಚ್ಚು ಬೆಲೆ ಪಡೆದಿದ್ದರು. ಬೇರೆಯವರ ಮನೆ ಅಂದಾಗ ಅಷ್ಟು ತಾಳ್ಮೆ ಇರಲಿಲ್ಲ. ಹಾಗಾಗಿ ಬ್ರೋಕರ್ ಜೊತೆ ಚೆನ್ನಾಗಿಯೇ ಇರಿ, ಗಡಿ ಮಾತ್ರ ಹೇಳಬೇಡಿ.

ನೀವು 87 ಅಂದಿರಿ. ಅವರು 98 ಅಂದರು. ಆಗ ಯಾರಾದರೊಬ್ಬರು "ಇಬ್ಬರದ್ದೂ ಬೇಡ, ಮಧ್ಯಕ್ಕೆ ಮುಗಿಸೋಣ" ಅಂದೇ ಅನ್ನುತ್ತಾರೆ. ಕೇಳಲು ಎಷ್ಟು ನ್ಯಾಯವಾಗಿದೆ! ಮಧ್ಯ ಅಂದರೆ 92.5, ನಿಮ್ಮ ಗಡಿ ದಾಟಿತು. ಮಧ್ಯ ಎಲ್ಲಿದೆ ಅನ್ನುವುದು ಇಬ್ಬರೂ ಎಲ್ಲಿ ನಿಂತಿದ್ದಾರೆ ಅನ್ನುವುದರ ಮೇಲಿದೆ, ಮನೆಯ ಬೆಲೆಯ ಮೇಲಲ್ಲ. ಅದರ ಬದಲು 89ಕ್ಕೆ ಬನ್ನಿ. ಆಮೇಲೆ 90ಕ್ಕೆ, ಆಮೇಲೆ 90.5ಕ್ಕೆ. ಹೆಜ್ಜೆ ಚಿಕ್ಕದಾಗುತ್ತಾ ಹೋದರೆ ಬಾವಿಯ ತಳ ಬಂತು ಅಂತ ಎದುರಿನವರಿಗೆ ತಾನೇ ಗೊತ್ತಾಗುತ್ತದೆ. ಇನ್ನೊಂದು ಮಾತು. ಅವರು ಉತ್ತರ ಕೊಡುವ ಮೊದಲೇ ಗಾಬರಿಯಾಗಿ ನೀವೇ ಬೆಲೆ ಏರಿಸಬೇಡಿ. ಮೂರು ದಿನ ಫೋನ್ ಬರಲಿಲ್ಲ ಅಂದರೆ ಅವರು ಯೋಚಿಸುತ್ತಿದ್ದಾರೆ ಅಂತ, ಅಷ್ಟೇ.

ಇಬ್ಬರು ಮೂವರು ಒಂದೇ ಮನೆಗೆ ಬಿದ್ದಿದ್ದಾರೆ ಅಂದಾಗ ಗಡಿ ಬರೆದ ಕಾಗದ ನಿಜವಾಗಿ ಬೇಕಾಗುತ್ತದೆ. 1971ರಲ್ಲಿ ತೈಲ ಕಂಪನಿಯ ಮೂವರು ಎಂಜಿನಿಯರುಗಳು ಒಂದು ವಿಚಿತ್ರ ಬರೆದರು. ತೈಲ ಇರುವ ಜಾಗದ ಹರಾಜಿನಲ್ಲಿ ಎಲ್ಲರೂ ಅಂದಾಜಿನ ಮೇಲೆಯೇ ಕೂಗುತ್ತಾರೆ. ಗೆಲ್ಲುವುದು ಯಾರು? ಎಲ್ಲರಿಗಿಂತ ಹೆಚ್ಚು ಅಂದಾಜು ಮಾಡಿದವರು. ಅಂದರೆ ಎಲ್ಲರಿಗಿಂತ ಹೆಚ್ಚು ತಪ್ಪು ಮಾಡಿದವರೂ ಅವರೇ ಇರುವ ಸಂಭವ ಜಾಸ್ತಿ. ಮನೆಗೂ ಇದು ಹೊಂದುತ್ತದೆ. "ಇನ್ನೊಂದು ಪಾರ್ಟಿ ಬರ್ತಿದೆ" ಅನ್ನುವ ಮಾತು ನಿಜವಿರಲಿ, ಸುಳ್ಳಿರಲಿ, ನಿಮ್ಮ ಗಡಿ ಅದರಿಂದ ಬದಲಾಗಬಾರದು. ಚಾವಣಿ ಸೋರುವುದು ಇನ್ನೊಂದು ಪಾರ್ಟಿ ಬಂದರೆ ನಿಲ್ಲುತ್ತದಾ?

ಬೆಲೆ ಒಂದಕ್ಕೇ ಅಂಟಿಕೊಂಡರೆ ಮಾತು ಬೇಗ ಮುರಿಯುತ್ತದೆ. ಕೆಲವರಿಗೆ ದುಡ್ಡು ಬೇಗ ಬೇಕು. ಕೆಲವರಿಗೆ ಮನೆ ಬಿಡಲು ಮೂರು ತಿಂಗಳು ಬೇಕು. ಲೋನ್ ಮಂಜೂರಾದ ಪತ್ರ ಕೈಯಲ್ಲಿದ್ದರೆ ಮೊದಲನೆಯವರ ಮುಂದೆ ಅದಕ್ಕೆ ಬೆಲೆ ಇದೆ. ನಿಮಗೆ ಗಡಿಬಿಡಿ ಇಲ್ಲದಿದ್ದರೆ ಎರಡನೆಯವರ ಮುಂದೆ ಆ ಕಾಯುವಿಕೆಗೇ ಬೆಲೆ ಇದೆ. ಅವರು ಬೆಲೆ ಇಳಿಸಲು ಒಪ್ಪದಿದ್ದರೆ ರಿಪೇರಿ ಮಾಡಿಸಿಕೊಡಿ ಅನ್ನಬಹುದು, ಕಪಾಟು ಫ್ಯಾನುಗಳನ್ನು ಬಿಟ್ಟುಹೋಗಿ ಅನ್ನಬಹುದು. ಆದರೆ ಒಂದು ಲೆಕ್ಕ ನೆನಪಿರಲಿ. ನೂರಕ್ಕೆ 8ರ ಬಡ್ಡಿಯಲ್ಲಿ 20 ವರ್ಷಕ್ಕೆ ಲೋನ್ ಮಾಡಿದರೆ, ತಂದ ಪ್ರತಿ 1ಕ್ಕೆ ಕಂತುಗಳಲ್ಲಿ ಒಟ್ಟು ಸುಮಾರು 2 ಕಟ್ಟುತ್ತೀರಿ. ಲೋನ್ ಅಷ್ಟರಮಟ್ಟಿಗೆ ಕಮ್ಮಿಯಾಗುವುದಾದರೆ, ಬೆಲೆಯಲ್ಲಿ ಉಳಿದ ಒಂದು, ಕೊನೆಗೆ ಎರಡಾಗುತ್ತದೆ. ಕೈಯಲ್ಲಿರುವ ನಗದು ಮನೆ ಕೊಳ್ಳುವಷ್ಟರಲ್ಲಿ ಖಾಲಿಯಾಗುವಂತಿದ್ದರೆ ಮಾತ್ರ ರಿಪೇರಿ, ಕಪಾಟುಗಳ ಕಡೆ ವಾಲಿ. ಅವಕ್ಕೆ ನಗದು ಈಗಲೇ ಬೇಕಾಗುತ್ತದೆ, ಕಂತಿನಲ್ಲಿ ಅಲ್ಲ.

ಬಾಯಲ್ಲಿ ಒಪ್ಪಿದ್ದನ್ನೆಲ್ಲ ಬರಹಕ್ಕೆ ತನ್ನಿ. ಬೆಲೆ, ಬಿಟ್ಟುಹೋಗುವ ಸಾಮಾನು, ಕೀಲಿ ಕೊಡುವ ದಿನ. ಲೋನ್ ಸಿಗದಿದ್ದರೆ ಅಥವಾ ಕಾಗದಪತ್ರದಲ್ಲಿ ತೊಡಕು ಕಂಡರೆ ಮುಂಗಡ ವಾಪಸ್ ಬರಬೇಕು ಅನ್ನುವುದು ಅದರಲ್ಲೇ ಇರಲಿ. ಕಾನೂನು ಒಂದೊಂದು ಕಡೆ ಒಂದೊಂದು ಥರ ಇರುವುದರಿಂದ, ಸಹಿ ಹಾಕುವ ಮೊದಲು ನಿಮ್ಮ ಕಡೆಯ ವಕೀಲರಿಗೆ ತೋರಿಸಿ. ಮಾರುವವರು ಗೊತ್ತುಮಾಡಿಕೊಟ್ಟ ವಕೀಲರಿಗಲ್ಲ.

ನಿಮ್ಮ ಪತ್ರದಲ್ಲಿ ಒಂದು ವಿಷಯ ಕಾಣಲಿಲ್ಲ. ಆರು ತಿಂಗಳಲ್ಲಿ ನೋಡಿದ ಮನೆಗಳಲ್ಲಿ ಎರಡನೇ ನಂಬರಿನಲ್ಲಿ ಇದ್ದದ್ದು ಯಾವುದು? ಈ ಮನೆ ತಪ್ಪಿದರೆ ಏನು ಅನ್ನುವ ನಿಮ್ಮ ಭಯ ಅಲ್ಲಿಂದಲೇ ಬಂದಿದೆ ಅಂತ ನನ್ನ ಅನುಮಾನ. ಇನ್ನೊಂದು ಮನೆ ಕಣ್ಣ ಮುಂದೆ ಇಲ್ಲದವರ ದನಿ ಮಾರುವವರಿಗೆ ಫೋನಿನಲ್ಲೇ ಗೊತ್ತಾಗುತ್ತದೆ. ಆ ಎರಡನೇ ಮನೆ ಇನ್ನೂ ಮಾರಾಟಕ್ಕಿದೆಯಾ, ಎಷ್ಟಕ್ಕೆ ಕೊಡುತ್ತಾರೆ ಅಂತ ನಾಳೆಯೇ ವಿಚಾರಿಸಿ. ಒಂದು ಸಲ ಹೋಗಿ ನೋಡಿಯೂ ಬನ್ನಿ. ಈ ಮನೆಯವರಿಗೆ ಫೋನ್ ಮಾಡುವುದು ಅದಾದ ಮೇಲೆ.