ರೇಡ್ ಕುಸಿಯುವುದು ಎರಡನೇ ಡಿಸ್ಕ್‌ನಲ್ಲಿ

ನಾಲ್ಕು ಟೆರಾಬೈಟಿನ ನಾಲ್ಕು ಡಿಸ್ಕ್‌ಗಳನ್ನು ಲಿನಕ್ಸ್‌ನಲ್ಲಿ ರೇಡ್ 5 ಆಗಿ, ಅಂದರೆ ಒಂದು ಕೆಟ್ಟರೂ ಮಾಹಿತಿ ಉಳಿಯುವ ಒಂದೇ ಗುಂಪಾಗಿ (ಅರೇ) ಜೋಡಿಸಿದರೆ ಬಳಕೆಗೆ ಸಿಗುವುದು 12 ಟೆರಾಬೈಟ್. ಉಳಿದದ್ದು ಪ್ಯಾರಿಟಿಗೆ, ಅಂದರೆ ಕಳೆದುಹೋದ ಮಾಹಿತಿಯನ್ನು ಮತ್ತೆ ಕಟ್ಟಲು ಬೇಕಾದ ತಾಳೆ ಬಿಟ್‌ಗಳಿಗೆ. ಲೆಕ್ಕ ಸರಳ: ಮೂರು ಡಿಸ್ಕ್‌ಗಳ ಬಿಟ್‌ಗಳು 1, 0, 1 ಆಗಿದ್ದರೆ, 1ರ ಸಂಖ್ಯೆ ಸಮವಾಗಿ ಉಳಿಯುವಂತೆ ನಾಲ್ಕನೆಯದರಲ್ಲಿ 0 ಬೀಳುತ್ತದೆ. ಯಾವುದೇ ಒಂದು ಡಿಸ್ಕ್ ಕೆಟ್ಟರೂ ಉಳಿದ ಮೂರನ್ನು ನೋಡಿ ಅದರಲ್ಲಿದ್ದುದನ್ನು ಹೇಳಬಹುದು.

ಆದರೆ ಆ ಮೂರೂ ಡಿಸ್ಕ್‌ಗಳ ಪ್ರತಿಯೊಂದು ಸೆಕ್ಟರ್ (ಡಿಸ್ಕ್ ಓದುವ ಅತಿ ಚಿಕ್ಕ ತುಂಡು) ಓದಲು ಬರಬೇಕು. ಹೊಸ ಡಿಸ್ಕ್ ಹಾಕಿ ರೀಬಿಲ್ಡ್ (ಕೆಟ್ಟ ಡಿಸ್ಕ್‌ನ ಮಾಹಿತಿಯ ಮರುನಿರ್ಮಾಣ) ಶುರುವಾದಾಗ ಲಿನಕ್ಸ್ 12 ಟೆರಾಬೈಟನ್ನೂ ತುದಿಯಿಂದ ತುದಿಗೆ ಓದುತ್ತದೆ. ಮೂರನ್ನೂ ಒಟ್ಟಿಗೇ ಓದಿ, ಪ್ರತಿ ಡಿಸ್ಕ್‌ನಿಂದ ಸೆಕೆಂಡಿಗೆ 150 ಮೆಗಾಬೈಟ್ ವೇಗ ಸಿಕ್ಕರೂ ಸುಮಾರು ಏಳೂವರೆ ಗಂಟೆ. ಸರ್ವರ್‌ಗೆ ಬೇರೆ ಕೆಲಸವಿದ್ದರೆ ಇನ್ನೂ ಹೆಚ್ಚು. ವರ್ಷಗಟ್ಟಲೆ ಯಾರೂ ಮುಟ್ಟದ ಹಳೆಯ ಕಡತದ ಕೆಳಗೆ ಕೆಟ್ಟು ಕೂತಿದ್ದ ಸೆಕ್ಟರ್ ಹೊರಬೀಳುವುದು ಆಗಲೇ.

ಒಂದು ಸೆಕ್ಟರ್ ಕೆಟ್ಟಿದ್ದಕ್ಕೆ ಇಡೀ ಡಿಸ್ಕ್ ಏಕೆ ಅರೇಯಿಂದ ಹೊರಬೀಳುತ್ತದೆ? ಕಾರಣ ಎರಡು ಗಡಿಯಾರಗಳ ಹೊಂದಾಣಿಕೆ ತಪ್ಪಿರುವುದು. ಓದಲಾಗದ ಸೆಕ್ಟರ್ ಸಿಕ್ಕರೆ ಸರ್ವರ್‌ಗೆ ಅಥವಾ ನ್ಯಾಸ್‌ಗೆಂದು (ಜಾಲದ ಮೂಲಕ ಬಳಸುವ ಸಂಗ್ರಹ ಪೆಟ್ಟಿಗೆ) ಮಾಡಿದ ಡಿಸ್ಕ್ ಸಾಮಾನ್ಯವಾಗಿ 7 ಸೆಕೆಂಡ್ ಪ್ರಯತ್ನಿಸಿ 'ಆಗಲಿಲ್ಲ' ಎನ್ನುತ್ತದೆ. ಅರೇ ಸುಸ್ಥಿತಿಯಲ್ಲಿದ್ದರೆ ಲಿನಕ್ಸ್ ಪ್ಯಾರಿಟಿಯಿಂದ ಆ ಮಾಹಿತಿ ಕಟ್ಟಿ ಅದೇ ಜಾಗಕ್ಕೆ ಮತ್ತೆ ಬರೆಯುತ್ತದೆ, ಅಗತ್ಯವಿದ್ದರೆ ಡಿಸ್ಕ್ ಅದಕ್ಕೆ ಬದಲಿ ಸೆಕ್ಟರ್ ಕೊಡುತ್ತದೆ, ಗಾಯ ಅಲ್ಲಿಗೇ ಮಾಯುತ್ತದೆ. ಅಗ್ಗದ ಡೆಸ್ಕ್‌ಟಾಪ್ ಡಿಸ್ಕ್ ಹಾಗಲ್ಲ, ನಿಮಿಷಗಟ್ಟಲೆ ಅದೇ ಸೆಕ್ಟರ್‌ಗೆ ಅಂಟಿಕೊಳ್ಳಬಹುದು. ಲಿನಕ್ಸ್‌ನ ತಿರುಳಾದ ಕರ್ನಲ್ ಕಾಯುವುದು 30 ಸೆಕೆಂಡ್ ಮಾತ್ರ. ಆಮೇಲೆ ಡಿಸ್ಕ್ ಅನ್ನು ರೀಸೆಟ್ ಮಾಡುತ್ತದೆ. ಉತ್ತರ ಬರದಿದ್ದರೆ, ಬರವಣಿಗೆಯೂ ವಿಫಲವಾದರೆ, ಬಹುಪಾಲು ಸರಿಯಿರುವ ಡಿಸ್ಕ್ ಅರೇಯಿಂದ ಹೊರಹೋಗುತ್ತದೆ. ರೀಬಿಲ್ಡ್ ನಡುವೆ ಹೀಗಾದರೆ ಅರೇ ಅಲ್ಲಿಗೆ ನಿಂತಿತು.

ಪರಿಹಾರಕ್ಕೆ ಹಣ ಬೇಕಿಲ್ಲ. ಡಿಸ್ಕ್‌ನ ಸ್ಥಿತಿ ಓದುವ ಸ್ಮಾರ್ಟ್‌ಸಿಟಿಎಲ್ (smartctl) ಆಜ್ಞೆಯಿಂದ ಪ್ರತಿ ಡಿಸ್ಕ್‌ನ ಎಸ್‌ಸಿಟಿ ಇಆರ್‌ಸಿ (SCT ERC) ಮೌಲ್ಯ, ಅಂದರೆ ಕೆಟ್ಟ ಸೆಕ್ಟರ್‌ಗೆ ಅದು ಪ್ರಯತ್ನಿಸುವ ಗರಿಷ್ಠ ಸಮಯ, ನೋಡಿ. ಬದಲಿಸಲು ಬರುವುದಾದರೆ ಓದಿಗೂ ಬರಹಕ್ಕೂ 70 ಇಡಿ. ಈ ಲೆಕ್ಕ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿದೆ, ಅಂದರೆ 7 ಸೆಕೆಂಡ್. ಡಿಸ್ಕ್ ಒಪ್ಪದಿದ್ದರೆ ಕರ್ನಲ್‌ನ ತಾಳ್ಮೆಯನ್ನೇ ಹೆಚ್ಚಿಸಿ: ಕರ್ನಲ್‌ನ ಸೆಟ್ಟಿಂಗ್‌ಗಳಿರುವ ಸಿಸ್ (/sys) ಕಡತವ್ಯವಸ್ಥೆಯಲ್ಲಿ ಆ ಡಿಸ್ಕ್‌ನ ಟೈಮ್‌ಔಟ್ ಕಡತಕ್ಕೆ 180 (ಸೆಕೆಂಡ್) ಬರೆಯಿರಿ. ಯಂತ್ರ ಆರಿಸಿ ಹೊತ್ತಿಸಿದರೆ ಇವು ಮರೆತುಹೋಗುವುದೇ ಹೆಚ್ಚು. ಆದ್ದರಿಂದ ಡಿಸ್ಕ್ ಕಂಡಾಗ ತಾನೇ ನಡೆಯುವ ಯುಡೆವ್ (udev) ನಿಯಮದಲ್ಲೋ ಬೂಟ್ ಸ್ಕ್ರಿಪ್ಟ್‌ನಲ್ಲೋ ಸೇರಿಸಲೇಬೇಕು.

ಇದರ ಜೊತೆಗೆ ತಿಂಗಳಿಗೊಮ್ಮೆ ಸ್ಕ್ರಬ್, ಅಂದರೆ ಇಡೀ ಅರೇಯನ್ನು ಓದಿ ಪರೀಕ್ಷಿಸುವುದು: ಅರೇಯ ಸಿಂಕ್ ಆ್ಯಕ್ಷನ್ ಕಡತಕ್ಕೆ 'ಚೆಕ್' ಎಂದು ಬರೆದರೆ ಎಲ್ಲ ಸೆಕ್ಟರ್‌ಗಳ ಓದು ಶುರುವಾಗುತ್ತದೆ. ಡೆಬಿಯನ್ ಲಿನಕ್ಸ್‌ನಲ್ಲಿ ರೇಡ್ ನಿರ್ವಹಿಸುವ ಎಂಡಿ-ಆಡ್ಮ್ (mdadm) ಪ್ಯಾಕೇಜೇ ತಿಂಗಳ ಮೊದಲ ಭಾನುವಾರ ಇದನ್ನು ಮಾಡುತ್ತದೆ. ಟೈಮ್‌ಔಟ್ ಸರಿಪಡಿಸದೆ ಸ್ಕ್ರಬ್ ನಡೆಸಿದರೆ ಸ್ಕ್ರಬ್ಬೇ ಡಿಸ್ಕ್ ಅನ್ನು ಹೊರಹಾಕಿಸೀತು, ಕ್ರಮ ತಪ್ಪಬಾರದು.

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ 197 ಎಂಬ ಸಂಖ್ಯೆಯಿರುವ ಸಾಲು, ಅಂದರೆ ಓದಲು ಬಾರದೆ ಬಾಕಿ ಉಳಿದ ಸೆಕ್ಟರ್‌ಗಳ ಸಂಖ್ಯೆ, ಏರುತ್ತಲೇ ಇದ್ದರೆ ಆ ಡಿಸ್ಕ್ ಬದಲಿಸಿ. ಹಳೆಯದನ್ನು ಮೊದಲೇ ಕಿತ್ತುಹಾಕುವವರೇ ಹೆಚ್ಚು, ಅದು ತಪ್ಪು. ಹೊಸದನ್ನು ಸೇರಿಸಿ ಎಂಡಿ-ಆಡ್ಮ್‌ನ ರಿಪ್ಲೇಸ್ ಆಯ್ಕೆ ಕೊಡಿ: ನಕಲು ಮುಗಿಯುವವರೆಗೆ ಹಳೆಯದೂ ಅರೇಯಲ್ಲಿರುತ್ತದೆ, ಪ್ಯಾರಿಟಿ ರಕ್ಷಣೆ ಉಳಿಯುತ್ತದೆ. ಕೀಳುವಾಗ ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರು ನಂಬಬೇಡಿ, ಬೂಟ್ ಆದಾಗ ಅವು ಅದಲುಬದಲಾಗಬಹುದು. ಡಿಸ್ಕ್ ಮೇಲಿನ ಸೀರಿಯಲ್ ನಂಬರ್ ನೋಡಿ.

ಎರಡು ಡಿಸ್ಕ್ ಹೊರಬಿದ್ದಿದ್ದರೂ ಗಾಬರಿಯಲ್ಲಿ ಅರೇಯನ್ನು ಹೊಸದಾಗಿ ರಚಿಸುವ ಕ್ರಿಯೇಟ್ ಆಜ್ಞೆ ಕೊಡಬೇಡಿ. ಡಿಸ್ಕ್‌ಗಳ ಕ್ರಮವೋ ಚಂಕ್ (ಒಂದು ಡಿಸ್ಕ್‌ಗೆ ಒಮ್ಮೆಗೆ ಬರೆಯುವ ತುಂಡು) ಗಾತ್ರವೋ ತಪ್ಪಿದರೆ ಉಳಿದ ಮಾಹಿತಿಯೂ ಹಾಳಾಗುತ್ತದೆ. ಎಕ್ಸಾಮಿನ್ ಆಯ್ಕೆಯಿಂದ ಪ್ರತಿ ಡಿಸ್ಕ್‌ನ ಈವೆಂಟ್ ಸಂಖ್ಯೆ, ಅಂದರೆ ಅದರಲ್ಲಿ ಅರೇಯ ಬದಲಾವಣೆಗಳು ಎಲ್ಲಿಯವರೆಗೆ ದಾಖಲಾಗಿವೆ ಎಂಬ ಎಣಿಕೆ, ಬರೆದಿಟ್ಟುಕೊಳ್ಳಿ. ಕೆಟ್ಟದ್ದನ್ನು, ಓದಲು ಬಂದಷ್ಟನ್ನೂ ಉಳಿಸುವ ಡಿಡಿ-ರೆಸ್ಕ್ಯೂ (ddrescue) ತಂತ್ರಾಂಶದಿಂದ ಬೇರೆ ಡಿಸ್ಕ್‌ಗೆ ನಕಲಿಸಿ. ಆಮೇಲೆ ಈವೆಂಟ್ ಸಂಖ್ಯೆ ಹತ್ತಿರವಿರುವ ಮೂರನ್ನು ಅಸೆಂಬಲ್ ಫೋರ್ಸ್‌ನಿಂದ ಜೋಡಿಸಿ, ಓದಲು ಮಾತ್ರ ಬರುವಂತೆ ಮೌಂಟ್ ಮಾಡಿ, ಮೊದಲು ಕಡತಗಳನ್ನು ಹೊರಗೆ ತೆಗೆಯಿರಿ.