ಎರಡು ವರ್ಷದಿಂದ ಆರು ತಿಂಗಳಿಗೆ: ಟಿಬಿ ಚಿಕಿತ್ಸೆ ಚಿಕ್ಕದಾದ ಕಥೆ

ಟಿಬಿ ಮಾತ್ರೆ ಶುರು ಮಾಡುವವರಿಗೆ ಮೊದಲ ದಿನವೇ ಹೇಳುವ ಮಾತೊಂದಿದೆ: "ನಡುವೆ ಬಿಡಬೇಡಿ." ಹೇಳುವುದು ಸುಲಭ. ಆದರೆ ಎರಡು ತಿಂಗಳಾಗುವ ಹೊತ್ತಿಗೆ ಎಷ್ಟೋ ಜನರಿಗೆ ಕೆಮ್ಮು ನಿಂತಿರುತ್ತದೆ, ಜ್ವರ ಬಿಟ್ಟಿರುತ್ತದೆ, ಊಟ ಸೇರುತ್ತಿರುತ್ತದೆ. ಮೈ ಹುಷಾರಾಗಿದೆ ಅನ್ನಿಸಿದ ಮೇಲೂ ದಿನಾ ಮಾತ್ರೆ ನುಂಗಬೇಕು, ಹೊಟ್ಟೆ ತೊಳಸಿದರೆ ತಡೆದುಕೊಳ್ಳಬೇಕು. ಸಾಮಾನ್ಯ ಟಿಬಿಗೆ 6 ತಿಂಗಳು. ಮುಖ್ಯ ಔಷಧಗಳಿಗೆ ಬಗ್ಗದ ಟಿಬಿಗೆ ಕೆಲವೇ ವರ್ಷಗಳ ಹಿಂದಿನವರೆಗೂ 18ರಿಂದ 24 ತಿಂಗಳು. ಈಗ ಅದೂ 6 ತಿಂಗಳಿಗೆ ಇಳಿದಿದೆ.

ಇದು ಸಣ್ಣ ಸುದ್ದಿಯಲ್ಲ. ಇದರ ಹಿಂದೆ ಮುಕ್ಕಾಲು ಶತಮಾನದ ಕೆಲಸ ಇದೆ. ಅಷ್ಟೂ ಕಾಲ ಮಾತ್ರೆ ಬಿಟ್ಟವರನ್ನೇ ಬೈಯುತ್ತಾ ಬಂದದ್ದಾಯಿತು. ಬಿಟ್ಟುಬಿಡುವಷ್ಟು ಉದ್ದದ ಚಿಕಿತ್ಸೆ ಯಾಕಿದೆ ಅಂತ ಕೇಳಿದವರು ಕಡಿಮೆ. ಹಾಗೆ ಕೇಳಿದ ಕೆಲವರಿಂದಲೇ ಚಿಕಿತ್ಸೆ ಚಿಕ್ಕದಾಯಿತು ಅನ್ನುವುದು ನನ್ನ ನಂಬಿಕೆ.

ಇಷ್ಟು ಉದ್ದ ಯಾಕೆ ಬೇಕಾಯಿತು? ಬೇರೆ ಎಷ್ಟೋ ಬ್ಯಾಕ್ಟೀರಿಯಾಗಳು 20-30 ನಿಮಿಷದಲ್ಲಿ ಒಂದಿದ್ದದ್ದು ಎರಡಾಗುತ್ತವೆ. ಟಿಬಿ ಬ್ಯಾಕ್ಟೀರಿಯಾಕ್ಕೆ 15ರಿಂದ 20 ಗಂಟೆ ಬೇಕು. ಅವುಗಳಲ್ಲೂ ಕೆಲವು ಬೆಳೆಯದೆ ಸುಮ್ನೆ ಮಲಗಿರುತ್ತವೆ. ಬೆಳೆಯುತ್ತಿರುವವನ್ನು ಔಷಧ ಬೇಗ ಕೊಲ್ಲುತ್ತದೆ. ಮಲಗಿದವು ಸಿಗುವುದು ಕಷ್ಟ. ಕೆಮ್ಮು, ಜ್ವರ ಹೋಗುವುದು ಮೊದಲ ಗುಂಪು ಸತ್ತಾಗ. ಕಾಯಿಲೆ ಮರುಕಳಿಸುವುದು ಎರಡನೇ ಗುಂಪು ಉಳಿದಾಗ. ಹುಷಾರಾಗುವುದಕ್ಕೂ ಗುಣವಾಗುವುದಕ್ಕೂ ನಡುವೆ ಇರುವ ಈ ತಿಂಗಳುಗಳೇ ಇಡೀ ತೊಂದರೆಯ ಬೇರು.

ರಾಬರ್ಟ್ ಕಾಖ್ ಈ ಬ್ಯಾಕ್ಟೀರಿಯಾವನ್ನು ಕಂಡುಹಿಡಿದ ಸುದ್ದಿಯನ್ನು ಬರ್ಲಿನ್‌ನಲ್ಲಿ ತಿಳಿಸಿದ್ದು 1882ರ ಮಾರ್ಚ್ 24ರಂದು. ಕಾರಣ ಗೊತ್ತಾಯಿತು, ಔಷಧ ಮಾತ್ರ ಇನ್ನೂ 60 ವರ್ಷ ಸಿಗಲಿಲ್ಲ. ಅಲ್ಲಿಯವರೆಗೆ ಇದ್ದದ್ದು ಸ್ಯಾನಟೋರಿಯಂ: ಒಳ್ಳೆಯ ಗಾಳಿ, ಒಳ್ಳೆಯ ಊಟ, ಹಾಸಿಗೆಯಲ್ಲಿ ವಿಶ್ರಾಂತಿ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ. ದುಡಿದರೆ ಮಾತ್ರ ಅನ್ನ ಅನ್ನುವವರಿಗೆ ಅದು ಇಲ್ಲದ ಹಾಗೆಯೇ.

1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ, ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ, ಆಲ್ಬರ್ಟ್ ಶಾಟ್ಸ್ ಎಂಬ ವಿದ್ಯಾರ್ಥಿ ಟಿಬಿಯ ವಿರುದ್ಧ ಕೆಲಸ ಮಾಡುವ ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ಬೇರ್ಪಡಿಸಿದರು. ಬ್ರಿಟನ್‌ನ ಮೆಡಿಕಲ್ ರಿಸರ್ಚ್ ಕೌನ್ಸಿಲ್‌ಗೆ ಸಿಕ್ಕಿದ್ದು ಸ್ವಲ್ಪವೇ ಔಷಧ. ಯಾರಿಗೆ ಕೊಡಬೇಕು? ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅದನ್ನು ವೈದ್ಯರ ಇಷ್ಟಕ್ಕೆ ಬಿಡಲಿಲ್ಲ. ಮುಚ್ಚಿದ ಲಕೋಟೆಯೊಳಗಿನ ಚೀಟಿ ತೀರ್ಮಾನಿಸಿತು. 107 ರೋಗಿಗಳಲ್ಲಿ 55 ಜನರಿಗೆ ಔಷಧ ಮತ್ತು ವಿಶ್ರಾಂತಿ, 52 ಜನರಿಗೆ ಬರೀ ವಿಶ್ರಾಂತಿ. ಆರು ತಿಂಗಳಲ್ಲಿ ಔಷಧ ಪಡೆದವರಲ್ಲಿ 4 ಜನ ಸತ್ತರು, ಪಡೆಯದವರಲ್ಲಿ 14. ಈ ಫಲಿತಾಂಶ 1948ರಲ್ಲಿ ಪ್ರಕಟವಾಯಿತು. ಚೀಟಿ ಎತ್ತಿ ಹೋಲಿಸುವ ಈ ಪದ್ಧತಿಯನ್ನೇ ಇಂದಿಗೂ ಹೊಸ ಔಷಧಗಳ ಪರೀಕ್ಷೆಯಲ್ಲಿ ಬಳಸುತ್ತಾರೆ.

ಆದರೆ ಅದೇ ರೋಗಿಗಳ ಐದು ವರ್ಷದ ಲೆಕ್ಕ ಓದಿದರೆ ಎದೆ ಭಾರವಾಗುತ್ತದೆ. ಔಷಧ ಪಡೆದ 55 ಜನರಲ್ಲಿ 32 ಜನ ಅಷ್ಟರೊಳಗೆ ತೀರಿಹೋಗಿದ್ದರು. ಪಡೆಯದ 52ರಲ್ಲಿ 35. ಬಹಳ ವ್ಯತ್ಯಾಸವೇ ಉಳಿದಿರಲಿಲ್ಲ. ಒಂಟಿ ಔಷಧಕ್ಕೆ ಬ್ಯಾಕ್ಟೀರಿಯಾ ಒಗ್ಗಿಕೊಂಡಿತ್ತು. ಹಾಗಾಗಿ ಸ್ವೀಡನ್‌ನಲ್ಲಿ ಯೋರ್ಗನ್ ಲೇಮನ್ ರೂಪಿಸಿದ್ದ ಪಿಎಎಸ್ ಎಂಬ ಇನ್ನೊಂದು ಔಷಧವನ್ನು ಜೊತೆಗೆ ಸೇರಿಸಿದರು. 1952ರಲ್ಲಿ ಐಸೊನಿಯಾಜಿಡ್ ಎಂಬ ಮೂರನೇ ಔಷಧ ಬಂತು. ಮೂರನ್ನೂ ಒಟ್ಟಿಗೆ, ಒಂದೂವರೆಯಿಂದ ಎರಡು ವರ್ಷ ಕೊಟ್ಟರೆ ಟಿಬಿ ಪೂರ್ತಿ ಗುಣವಾಗುತ್ತದೆ ಎಂದು ಎಡಿನ್‌ಬರೋದಲ್ಲಿ ಜಾನ್ ಕ್ರಾಫ್ಟನ್ ಅವರ ತಂಡ ತೋರಿಸಿಕೊಟ್ಟಿತು. ಗುಣವಾಗದ ಕಾಯಿಲೆ ಗುಣವಾಗುವ ಕಾಯಿಲೆ ಆದದ್ದು ಆಗ. ಎರಡು ವರ್ಷ ಅನ್ನುವ ಲೆಕ್ಕ ಶುರುವಾದದ್ದೂ ಆಗಲೇ.

ಇನ್ನು ಮದ್ರಾಸ್. ಇಡೀ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು. ಟಿಬಿ ರೋಗಿಗಳೆಲ್ಲರಿಗೂ ಹಾಸಿಗೆ ಒದಗಿಸುವುದು ಭಾರತಕ್ಕೆ ಸಾಧ್ಯವೇ ಇರಲಿಲ್ಲ. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಟಿಬಿ ಸಂಶೋಧನಾ ಕೇಂದ್ರದಲ್ಲಿ ಬ್ರಿಟನ್‌ನ ವೈದ್ಯ ವಾಲೇಸ್ ಫಾಕ್ಸ್ ಮತ್ತು ಜೊತೆಗಾರರು ನೇರವಾದ ಪ್ರಶ್ನೆ ಕೇಳಿದರು: ಮನೆಯಲ್ಲೇ ಮಾತ್ರೆ ಕೊಟ್ಟರೆ ಆಗುವುದಿಲ್ಲವೇ? 193 ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಟೋರಿಯಂನಲ್ಲಿ, ಒಳ್ಳೆಯ ಊಟ ವಿಶ್ರಾಂತಿಯೊಂದಿಗೆ. ಇನ್ನೊಂದು ತಮ್ಮ ಇಕ್ಕಟ್ಟಾದ ಮನೆಗಳಲ್ಲೇ. ಎರಡಕ್ಕೂ ಒಂದೇ ಮಾತ್ರೆ, ಒಂದು ವರ್ಷ. 1959ರಲ್ಲಿ ಫಲಿತಾಂಶ ಹೊರಬಂತು: ಗುಣವಾಗುವುದರಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಮನೆಯವರಿಗೆ ಸೋಂಕು ಜಾಸ್ತಿ ಹರಡಿರಲೂ ಇಲ್ಲ. ಮುಂದಿನ ವರ್ಷಗಳಲ್ಲಿ ಜಗತ್ತಿನ ಸ್ಯಾನಟೋರಿಯಂಗಳು ಒಂದೊಂದಾಗಿ ಬಾಗಿಲು ಹಾಕಿದವು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಟಿಬಿಗೆ ಊಟ ಮುಖ್ಯವಲ್ಲ ಅಂತ ಈ ಫಲಿತಾಂಶದಿಂದ ತೀರ್ಮಾನಿಸಿದವರೂ ಇದ್ದರು. ಅದು ತಪ್ಪು. ಜಾರ್ಖಂಡ್‌ನಲ್ಲಿ ರೋಗಿಗಳ ಮನೆಯವರಿಗೆ ಆಹಾರದ ಬುಟ್ಟಿ ಕೊಟ್ಟು ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಸುಮಾರು ಶೇ 40ರಷ್ಟು ಕಡಿಮೆಯಾಗಿತ್ತು. ಆಹಾರವನ್ನೂ ಚಿಕಿತ್ಸೆಯ ಭಾಗ ಅಂತ ನೋಡಲು ಇಷ್ಟು ವರ್ಷ ಬೇಕಿರಲಿಲ್ಲ, ಅಲ್ವಾ?

ಮನೆಗೆ ಬಂದ ಚಿಕಿತ್ಸೆಯನ್ನು ಚಿಕ್ಕದು ಮಾಡಿದ್ದು ರಿಫಾಂಪಿಸಿನ್. ಮಲಗಿರುವ ಬ್ಯಾಕ್ಟೀರಿಯಾವನ್ನೂ ಮುಟ್ಟುವ ಔಷಧ ಅದು. 1970ರ ದಶಕದಲ್ಲಿ ಪೂರ್ವ ಆಫ್ರಿಕಾದಲ್ಲಿ, ಫಾಕ್ಸ್ ಮತ್ತು ಡೆನಿಸ್ ಮಿಚಿಸನ್ ಅವರ ತಂಡವೇ ಪರೀಕ್ಷೆ ನಡೆಸಿತು. ಸ್ಟ್ರೆಪ್ಟೊಮೈಸಿನ್ ಮತ್ತು ಐಸೊನಿಯಾಜಿಡ್ ಮಾತ್ರ 6 ತಿಂಗಳು ಕೊಟ್ಟಾಗ ನೂರಕ್ಕೆ ಸುಮಾರು 29 ಜನರಿಗೆ ಕಾಯಿಲೆ ಮರುಕಳಿಸಿತು. ರಿಫಾಂಪಿಸಿನ್ ಸೇರಿಸಿದಾಗ ನೂರಕ್ಕೆ ಸುಮಾರು 3. ದಾರಿ ತೆರೆದಿತ್ತು. ಆದರೆ ರಿಫಾಂಪಿಸಿನ್ ದುಬಾರಿ. ಬಡ ದೇಶಗಳು ಅಗ್ಗದ ಮಾತ್ರೆಗಳನ್ನೇ ಒಂದು ವರ್ಷಕ್ಕೂ ಜಾಸ್ತಿ ಕೊಡುತ್ತಾ ಉಳಿದವು. ಔಷಧದ ಪರೀಕ್ಷೆ ಆಫ್ರಿಕಾದಲ್ಲಿ ನಡೆದರೂ ಅದರ ಪ್ರಯೋಜನ ಅಲ್ಲಿಗೇ ತಡವಾಗಿ ತಲುಪಿತು.

ತಾಂಜಾನಿಯಾದಲ್ಲಿ ಕರೆಲ್ ಸ್ಟಿಬ್ಲೊ ಕಟ್ಟಿದ ವ್ಯವಸ್ಥೆ ಮುಂದೆ ಡಾಟ್ಸ್ ಎಂಬ ಟಿಬಿ ಚಿಕಿತ್ಸಾ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಪ್ರತಿ ರೋಗಿಯ ಹೆಸರು ಪುಸ್ತಕದಲ್ಲಿ ಬರೆದು, ಕೊನೆಗೆ ಏನಾಯಿತು ಅಂತ ಲೆಕ್ಕ ಇಡುವುದು ಅದರ ಜೀವಾಳ. 1993ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಟಿಬಿಯನ್ನು ಜಾಗತಿಕ ತುರ್ತು ಸ್ಥಿತಿ ಎಂದು ಘೋಷಿಸಿತು. ಡಾಟ್ಸ್‌ನ ಜೊತೆಗೆ, ಸಿಬ್ಬಂದಿಯ ಎದುರಿಗೇ ಮಾತ್ರೆ ನುಂಗಿಸುವ ಪದ್ಧತಿ ಎಲ್ಲೆಡೆ ಹಬ್ಬಿತು. ಇದರಿಂದ ಲಕ್ಷಾಂತರ ಜೀವ ಉಳಿದದ್ದು ನಿಜ. ಆದರೆ ಕೂಲಿ ಬಿಟ್ಟು ಕೇಂದ್ರಕ್ಕೆ ಬರಬೇಕಾದವರ ಕಷ್ಟವನ್ನು ಅದು ಎಣಿಸಲಿಲ್ಲ. ಬರಲಾಗದವರನ್ನು ದಾಖಲೆಯಲ್ಲಿ "ಡಿಫಾಲ್ಟರ್" ಎಂದು ಬರೆದರು. ಸಾಲ ಕಟ್ಟದವರಿಗೆ ಹೇಳುವ ಪದ! 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಪದ ಕೈಬಿಟ್ಟು, "ಸಂಪರ್ಕ ತಪ್ಪಿದವರು" ಎಂಬ ಅರ್ಥದ ಮಾತು ತಂದಿತು. ಪದ ಬದಲಾದದ್ದು ಒಳ್ಳೆಯದೇ. ಅಷ್ಟರಲ್ಲಿ ಬಹಳ ಜನ ಅವಮಾನ ನುಂಗಿದ್ದರು.

ಅದೇ ಹೊತ್ತಿಗೆ ಇನ್ನೊಂದು ಕಾಯಿಲೆ ಬೆಳೆಯುತ್ತಿತ್ತು: ಐಸೊನಿಯಾಜಿಡ್, ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಎಂಡಿಆರ್ ಟಿಬಿ. ಬಡ ದೇಶಗಳಲ್ಲಿ ಇದರ ಚಿಕಿತ್ಸೆ ಖರ್ಚಿಗೆ ತಕ್ಕದ್ದಲ್ಲ ಎಂದು 1990ರ ದಶಕದಲ್ಲಿ ಬಹಳ ತಜ್ಞರು ಹೇಳುತ್ತಿದ್ದರು. ಆ ಮಾತನ್ನು ಒಪ್ಪದ ಅಮೆರಿಕದ ವೈದ್ಯರಾದ ಪಾಲ್ ಫಾರ್ಮರ್, ಜಿಮ್ ಯಾಂಗ್ ಕಿಮ್ ಮತ್ತು ಸಂಗಡಿಗರು ಪೆರುವಿನ ಲಿಮಾದ ಬಡ ಬಡಾವಣೆಗಳಲ್ಲಿ ರೋಗಿಗಳ ಮನೆಮನೆಗೆ ಚಿಕಿತ್ಸೆ ತಲುಪಿಸಿದರು. ಕನಿಷ್ಠ ನಾಲ್ಕು ತಿಂಗಳು ಚಿಕಿತ್ಸೆ ಪಡೆದವರಲ್ಲಿ ಶೇ 80ಕ್ಕೂ ಹೆಚ್ಚು ಜನ ಗುಣವಾದರು ಎಂದು 2003ರಲ್ಲಿ ವರದಿಯಾಯಿತು. ಗುಣವಾಗುತ್ತದೆ ಅನ್ನುವುದು ಸಾಬೀತಾಯಿತು. ಅದಕ್ಕೆ ತೆರಬೇಕಾದ ಬೆಲೆ ಮಾತ್ರ ದೊಡ್ಡದಿತ್ತು. ಎರಡು ವರ್ಷದವರೆಗೆ ಚಿಕಿತ್ಸೆ, ಅದರಲ್ಲಿ ತಿಂಗಳುಗಟ್ಟಲೆ ದಿನಾ ಕನಾಮೈಸಿನ್‌ನಂಥ ಇಂಜೆಕ್ಷನ್. ಅದು ಕಿವಿಯೊಳಗಿನ ಸೂಕ್ಷ್ಮ ಜೀವಕೋಶಗಳನ್ನು ಕೊಲ್ಲುತ್ತದೆ, ಅವು ಮತ್ತೆ ಬೆಳೆಯುವುದಿಲ್ಲ. ಟಿಬಿ ವಾಸಿಯಾದ ಎಷ್ಟೋ ಯುವಜನರು ಶಾಶ್ವತವಾಗಿ ಕಿವುಡರಾದರು.

2012ರ ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿದ ಬೆಡಾಕ್ವಿಲಿನ್, 40 ವರ್ಷಗಳಲ್ಲಿ ಟಿಬಿಗೆ ಬಂದ ಮೊದಲ ಹೊಸ ಬಗೆಯ ಔಷಧ. ಬ್ಯಾಕ್ಟೀರಿಯಾಕ್ಕೆ ಶಕ್ತಿ ತಯಾರಾಗುವ ಜಾಗವನ್ನೇ ಇದು ಕಟ್ಟಿಹಾಕುತ್ತದೆ. ಮಲಗಿದ್ದರೂ ಬದುಕಿರಲು ಶಕ್ತಿ ಬೇಕಲ್ಲ! 2018ರಲ್ಲಿ ದಕ್ಷಿಣ ಆಫ್ರಿಕಾ ಇಂಜೆಕ್ಷನ್ ಬದಲು ಇದನ್ನೇ ಕೊಡಲು ನಿರ್ಧರಿಸಿತು. ಕನಾಮೈಸಿನ್ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಆ ವರ್ಷವೇ ಹೇಳಿತು. ಮುಂದೆ ಬೆಡಾಕ್ವಿಲಿನ್, ಪ್ರೆಟೊಮನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಸಿನ್ ಸೇರಿಸಿದ 6 ತಿಂಗಳ ಚಿಕಿತ್ಸೆಯನ್ನು ಬೆಲಾರುಸ್, ಉಜ್ಬೇಕಿಸ್ತಾನ್, ದಕ್ಷಿಣ ಆಫ್ರಿಕಾಗಳಲ್ಲಿ ಪರೀಕ್ಷಿಸಿದರು. ಹೊಸ ಚಿಕಿತ್ಸೆ ನೂರಕ್ಕೆ 89 ಜನರಲ್ಲಿ ಫಲಿಸಿತು, ಹಳೆಯದು 52 ಜನರಲ್ಲಿ. ವ್ಯತ್ಯಾಸ ಎಷ್ಟು ಸ್ಪಷ್ಟವಿತ್ತೆಂದರೆ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವುದನ್ನು ನಡುವೆಯೇ ನಿಲ್ಲಿಸಿದರು. 2022ರ ಡಿಸೆಂಬರ್‌ನಲ್ಲಿ ಇದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸಾಯಿತು. ಭಾರತ 2024ರಲ್ಲಿ ಒಪ್ಪಿತು.

ಬೆಲೆಯ ಜಗಳವನ್ನು ರೋಗಿಗಳೇ ಹೊತ್ತರು. ಬೆಡಾಕ್ವಿಲಿನ್ ಪೇಟೆಂಟ್ ಅವಧಿಯನ್ನು ಭಾರತದಲ್ಲಿ ಉದ್ದ ಮಾಡಿಸಿಕೊಳ್ಳಲು ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಅರ್ಜಿ ಹಾಕಿತ್ತು. ಅದಕ್ಕೆ ತಕರಾರು ಹಾಕಿದವರು ಟಿಬಿಯಿಂದ ಗುಣವಾದ ಇಬ್ಬರು ಮಹಿಳೆಯರು, ಒಬ್ಬರು ಭಾರತದವರು, ಇನ್ನೊಬ್ಬರು ದಕ್ಷಿಣ ಆಫ್ರಿಕಾದವರು. ಇಬ್ಬರೂ ಹಳೆಯ ಇಂಜೆಕ್ಷನ್‌ನಿಂದ ಕೇಳುವ ಶಕ್ತಿ ಕಳೆದುಕೊಂಡವರು. 2023ರ ಮಾರ್ಚ್‌ನಲ್ಲಿ ಭಾರತದ ಪೇಟೆಂಟ್ ಕಚೇರಿ ಕಂಪನಿಯ ಅರ್ಜಿ ತಿರಸ್ಕರಿಸಿತು. ಜುಲೈನಲ್ಲಿ ಮೂಲ ಪೇಟೆಂಟ್ ಮುಗಿಯಿತು, ಬೇರೆ ಕಂಪನಿಗಳಿಗೂ ಈ ಔಷಧ ತಯಾರಿಸಲು ದಾರಿಯಾಯಿತು.

ಅದೇ 2023ರಲ್ಲಿ ಜಗತ್ತಿನಲ್ಲಿ ಟಿಬಿಯಿಂದ ಸುಮಾರು 12.5 ಲಕ್ಷ ಜನ ಸತ್ತರು. ಬೆಡಾಕ್ವಿಲಿನ್‌ಗೂ ಬಗ್ಗದ ಬ್ಯಾಕ್ಟೀರಿಯಾ ಆಗಲೇ ಕಾಣಿಸಿಕೊಂಡಿದೆ. ರಿಫಾಂಪಿಸಿನ್‌ಗೆ ಬಗ್ಗುತ್ತದೋ ಇಲ್ಲವೋ ಎಂದು ತಿಳಿಯಲು ಜೀನ್‌ಎಕ್ಸ್‌ಪರ್ಟ್ ಯಂತ್ರಕ್ಕೆ ಎರಡು ಗಂಟೆ ಸಾಕು. ಬೆಡಾಕ್ವಿಲಿನ್ ವಿಷಯ ತಿಳಿಯಬೇಕಾದರೆ ಬಹಳ ಕಡೆ ಇನ್ನೂ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿಯೇ ನೋಡಬೇಕು. ಅದಕ್ಕೆ ವಾರಗಳು ಹಿಡಿಯುತ್ತವೆ, ರೋಗಿ ಅಷ್ಟರಲ್ಲಿ ಅದೇ ಮಾತ್ರೆ ನುಂಗುತ್ತಿರುತ್ತಾನೆ.